ಶಟಲ್ ನಿಂತ ಮೇಲೆ: ಫ್ಲಾರಿಡಾ ದುಡ್ಡು ಕೊಟ್ಟು ತಂದ ಉದ್ಯೋಗಗಳ ಲೆಕ್ಕ

ಅಮೆರಿಕದ ಸ್ಪೇಸ್ ಶಟಲ್‌ನ ಹೊಟ್ಟೆಯ ಭಾಗಕ್ಕೆ ಅಂಟಿಸುತ್ತಿದ್ದ ಕಪ್ಪು ಬಿಲ್ಲೆಯನ್ನು ಕೈಗೆತ್ತಿಕೊಂಡವರಿಗೆ ಅದು ಥರ್ಮಾಕೋಲಿನ ತುಂಡಿನಂತೆ ಹಗುರವೆನಿಸುತ್ತದೆ. ಮರಳಿನಿಂದ ಪಡೆದ ಸಿಲಿಕಾದ ನವಿರಾದ ಎಳೆಗಳಿಂದ ಮಾಡಿದ ಆ ಬಿಲ್ಲೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬರೀ ಖಾಲಿ ಜಾಗ. ನೌಕೆ ವಾತಾವರಣಕ್ಕೆ ಮರಳುವಾಗ ಬಿಲ್ಲೆಯ ಹೊರಮೈ 1,260 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದರೂ ಒಳಗಿನ ಅಲ್ಯೂಮಿನಿಯಂ ಮೈಗೆ ಆ ಬಿಸಿ ತಾಗಬಾರದು. ಒಂದು ನೌಕೆಗೆ ಇಂಥ ಸುಮಾರು 24,000 ಬಿಲ್ಲೆಗಳು ಬೇಕಾಗುತ್ತಿದ್ದವು. ನೌಕೆಯ ಮೈ ಬಾಗಿದಂತೆಲ್ಲ ಬಿಲ್ಲೆಯ ಆಕಾರವೂ ಬದಲಾಗುತ್ತಿದ್ದುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುತ್ತಿರಲಿಲ್ಲ. ಹಾಗಾಗಿ ಪ್ರತಿಯೊಂದಕ್ಕೂ ಅದರದೇ ಆದ ಸಂಖ್ಯೆ ಬರೆದಿರುತ್ತಿದ್ದರು. ಹಾರಾಟ ಮುಗಿದ ಮೇಲೆ ಕೆಲಸಗಾರರು ಏಣಿಮೆಟ್ಟಿಲಿನ ಮೇಲೆ ನಿಂತು, ತಲೆಯ ಮೇಲಿರುವ ಹೊಟ್ಟೆಯನ್ನು ಇಂಚಿಂಚಾಗಿ ಪರೀಕ್ಷಿಸಿ, ಬಿಲ್ಲೆಗಳು ಮಳೆನೀರು ಕುಡಿಯದಂತೆ ಒಂದೊಂದಕ್ಕೂ ಚುಚ್ಚುಮದ್ದು ಕೊಟ್ಟ ಹಾಗೆ ರಾಸಾಯನಿಕವನ್ನು ತುಂಬುತ್ತಿದ್ದರು.

ಈ ಕೆಲಸದ ಬಗ್ಗೆ 1990ರಲ್ಲಿ ಎಲಿಸಬೆತ್ ಪಾತೆ-ಕಾರ್ನೆಲ್ ಮತ್ತು ಪಾಲ್ ಫಿಷ್‌ಬೆಕ್ ಎಂಬ ಇಬ್ಬರು ಸಂಶೋಧಕರು ನಾಸಾಕ್ಕಾಗಿ ಒಂದು ಅಧ್ಯಯನ ಮಾಡಿದರು. ಅಂಟು ಬೇಗ ಗಟ್ಟಿಯಾಗಲೆಂದು ಅದಕ್ಕೆ ಉಗುಳು ಬೆರೆಸಿದ ಪ್ರಸಂಗವೂ ಅವರ ಗಮನಕ್ಕೆ ಬಂತು. ಆದರೆ ಅವರು ಹೆಚ್ಚು ಒತ್ತು ಕೊಟ್ಟಿದ್ದು ಇನ್ನೊಂದು ಸಂಗತಿಗೆ: ಬಿಲ್ಲೆ ಅಂಟಿಸುವವರ ಸಂಬಳ ಉಳಿದ ಕುಶಲಕರ್ಮಿಗಳಿಗಿಂತ ಕಡಿಮೆಯಿದ್ದುದರಿಂದ ಕೈ ಪಳಗಿದವರು ಬೇರೆ ವಿಭಾಗಗಳಿಗೆ ಹೊರಟುಹೋಗುತ್ತಿದ್ದರು. ಗಗನಯಾತ್ರಿಗಳ ಜೀವ ಅವಲಂಬಿಸಿದ್ದ ಈ ಕಸುಬಿಗೆ ಶಟಲ್ ಹಾರುತ್ತಿದ್ದಾಗಲೇ ಮಾರುಕಟ್ಟೆಯಲ್ಲಿ ಅಂಥ ಬೆಲೆಯಿರಲಿಲ್ಲ ಎಂದಾಯಿತು. ಶಟಲ್ ನಿಂತ ಮೇಲಂತೂ ಅದನ್ನು ಕೇಳುವವರೇ ಉಳಿಯಲಿಲ್ಲ.

ಶಟಲ್ ನಿಲ್ಲುವ ವಿಷಯ ಯಾರಿಗೂ ಗುಟ್ಟಾಗಿರಲಿಲ್ಲ. 2003ರ ಫೆಬ್ರುವರಿ 1ರಂದು ಕೊಲಂಬಿಯಾ ನೌಕೆ ಏಳು ಮಂದಿಯೊಡನೆ ನಾಶವಾದ ಮರುವರ್ಷವೇ, ಬಾಹ್ಯಾಕಾಶ ನಿಲ್ದಾಣದ ಜೋಡಣೆ ಮುಗಿದೊಡನೆ ಶಟಲ್‌ಗಳನ್ನು ನಿವೃತ್ತಿಗೊಳಿಸುವುದಾಗಿ ಅಧ್ಯಕ್ಷ ಜಾರ್ಜ್ ಬುಷ್ ಪ್ರಕಟಿಸಿದ್ದರು. ಅದರ ಜಾಗಕ್ಕೆ ಕಾನ್‌ಸ್ಟೆಲೇಷನ್ ಎಂಬ ಹೊಸ ಕಾರ್ಯಕ್ರಮ ಬರಬೇಕಿತ್ತು. 2010ರ ಫೆಬ್ರುವರಿಯಲ್ಲಿ ಒಬಾಮಾ ಸರ್ಕಾರ ಅದನ್ನೂ ಕೈಬಿಡುವ ಪ್ರಸ್ತಾಪ ಮಾಡಿದಾಗ, ಹಳೆಯ ಕೆಲಸದಿಂದ ಹೊಸ ಕೆಲಸಕ್ಕೆ ದಾಟಲು ಇದ್ದ ಸೇತುವೆಯೇ ಮುರಿದಂತಾಯಿತು. 2011ರ ಜುಲೈ 21ರ ಬೆಳಗಿನ ಜಾವ ಅಟ್ಲಾಂಟಿಸ್ ಕೆನೆಡಿ ಬಾಹ್ಯಾಕಾಶ ಕೇಂದ್ರದ ರನ್‌ವೇ ಮೇಲೆ ಇಳಿದು ನಿಂತಾಗ ಶಟಲ್‌ಗಳ 135ನೆಯ ಹಾಗೂ ಕೊನೆಯ ಯಾನ ಮುಗಿಯಿತು. ಮಾರನೆಯ ದಿನವೇ, ಶಟಲ್‌ಗಳ ನಿರ್ವಹಣೆಯ ಮುಖ್ಯ ಗುತ್ತಿಗೆದಾರನಾಗಿದ್ದ ಯುನೈಟೆಡ್ ಸ್ಪೇಸ್ ಅಲಯನ್ಸ್ 1,500ಕ್ಕೂ ಹೆಚ್ಚು ಜನರನ್ನು ಕೆಲಸದಿಂದ ಬಿಡುಗಡೆ ಮಾಡಿತು. ಅದಕ್ಕೂ ಮುಂಚೆ ಹಲವು ಕಂತುಗಳಲ್ಲಿ ಹೋದವರನ್ನೂ ಸೇರಿಸಿದರೆ, ಕೇಂದ್ರದಲ್ಲಿದ್ದ ಸುಮಾರು 15,000 ಉದ್ಯೋಗಗಳ ಪೈಕಿ ಏಳೆಂಟು ಸಾವಿರ ಇಲ್ಲವಾದವು.

ಈ ಹೊಡೆತ ಬಿದ್ದದ್ದು ಕೆನೆಡಿ ಕೇಂದ್ರವಿರುವ ಫ್ಲಾರಿಡಾದ ಬ್ರೆವಾರ್ಡ್ ಕೌಂಟಿಯ ಮೇಲೆ. ಅಟ್ಲಾಂಟಿಕ್ ಕರಾವಳಿಯ ಉದ್ದಕ್ಕೂ ಚಾಚಿಕೊಂಡಿರುವ, 2010ರ ಜನಗಣತಿಯ ಪ್ರಕಾರ ಸುಮಾರು 5.43 ಲಕ್ಷ ಜನರಿದ್ದ ಈ ಜಿಲ್ಲೆ ತನ್ನನ್ನು ‘ಸ್ಪೇಸ್ ಕೋಸ್ಟ್’ ಎಂದೇ ಕರೆದುಕೊಳ್ಳುತ್ತದೆ. ಉಡಾವಣೆಯ ಎಣಿಕೆಯನ್ನು ನೆನಪಿಸುವ 321 ಎಂಬ ದೂರವಾಣಿ ಕೋಡನ್ನು 1999ರಲ್ಲಿ ಪಡೆದುಕೊಂಡ ಊರುಗಳಿವು. 2008ರಲ್ಲಿ ಮನೆಗಳ ಮಾರುಕಟ್ಟೆ ಕುಸಿದು ಫ್ಲಾರಿಡಾ ಮೊದಲೇ ತತ್ತರಿಸಿತ್ತು. ಅದರ ಮೇಲೆ ಇದೂ ಸೇರಿ, ಕೌಂಟಿಯ ನಿರುದ್ಯೋಗ ಪ್ರಮಾಣ ಶೇ. 11ನ್ನು ದಾಟಿತು. ಕೆಲಸ ಹೋದವರು ಮನೆ ಮಾರಿ ಬೇರೆಡೆ ಹೋಗೋಣವೆಂದರೆ, ಸಾಲದ ಬಾಕಿಯಷ್ಟೂ ಬೆಲೆ ಮನೆಗೆ ಬರುತ್ತಿರಲಿಲ್ಲ.

ಊರಿನ ಹಿರಿಯರಿಗೆ ಇದು ಎರಡನೆಯ ಅನುಭವ. 1960ರ ದಶಕದ ಕೊನೆಯಲ್ಲಿ, ಚಂದ್ರಯಾನದ ಭರಾಟೆಯಲ್ಲಿ ಕೆನೆಡಿ ಕೇಂದ್ರದಲ್ಲಿ ಸುಮಾರು 26,000 ಜನ ದುಡಿಯುತ್ತಿದ್ದರು. 1972ರ ಡಿಸೆಂಬರಿನಲ್ಲಿ ಅಪೊಲೊ 17 ಹೋಗಿಬಂದ ಮೇಲೆ ಆ ಸಂಖ್ಯೆ ಮೂರನೆಯ ಒಂದು ಭಾಗದ ಆಸುಪಾಸಿಗೆ ಇಳಿಯಿತು. ಕೌಂಟಿಯ ಟೈಟಸ್‌ವಿಲ್ ಊರಿನಲ್ಲಿ ಜನ ಬಿಟ್ಟುಹೋದ ಮನೆಗಳು ಸಾಲುಸಾಲಾಗಿ ಖಾಲಿ ಬಿದ್ದಿದ್ದವು. ಆಗ ರಾಜ್ಯದ ಕೈಯಲ್ಲಿ ಹೇಳಿಕೊಳ್ಳುವಂಥ ಯಾವ ಸಾಧನವೂ ಇರಲಿಲ್ಲ. ಶಟಲ್ ಮೊದಲ ಬಾರಿಗೆ ಹಾರಿದ್ದು 1981ರಲ್ಲಿ. ಅಲ್ಲಿಯವರೆಗೆ ಊರು ಕಾದು ಕುಳಿತಿತ್ತು ಎನ್ನುವುದಕ್ಕಿಂತ ಕರಗುತ್ತ ಹೋಯಿತು ಎನ್ನುವುದೇ ಸರಿ.

ಈ ಸಲ ಹಾಗಾಗಬಾರದೆಂದು ರಾಜ್ಯದ ಶಾಸಕಾಂಗ 2006ರಲ್ಲೇ ಮೂರು ಸಣ್ಣ ಸಂಸ್ಥೆಗಳನ್ನು ಒಗ್ಗೂಡಿಸಿ ಸ್ಪೇಸ್ ಫ್ಲಾರಿಡಾ ಎಂಬ ಒಂದು ಸಂಸ್ಥೆಯನ್ನು ಕಟ್ಟಿತು. ಕಾನೂನಿನ ದೃಷ್ಟಿಯಲ್ಲಿ ಇದು ‘ವಿಶೇಷ ಜಿಲ್ಲೆ’. ಸಾಲ ಎತ್ತಬಹುದು, ಕಟ್ಟಡ ಕಟ್ಟಬಹುದು, ಯಂತ್ರ ಕೊಳ್ಳಬಹುದು, ಅವನ್ನು ಕಂಪನಿಗಳಿಗೆ ಬಾಡಿಗೆಗೂ ಕೊಡಬಹುದು. ಅದರ ಮೊದಲ ದೊಡ್ಡ ಹೆಜ್ಜೆಗಳಲ್ಲಿ ಒಂದು ವಿಚಿತ್ರವಾಗಿ ಕಾಣಬಹುದು. ಅಪೊಲೊ ಕಾಲದ, ನಾಸಾದ್ದೇ ಆದ ಹಳೆಯ ಕಟ್ಟಡವೊಂದನ್ನು ಓರಿಯನ್ ಗಗನನೌಕೆಯ ಜೋಡಣೆಗೆ ಹೊಂದಿಸಲು ರಾಜ್ಯ 3.5 ಕೋಟಿ ಡಾಲರ್ ಕೊಟ್ಟಿತು. ಕೇಂದ್ರ ಸರ್ಕಾರದ ಆಸ್ತಿಯ ಮೇಲೆ ರಾಜ್ಯದ ತೆರಿಗೆದಾರರ ಹಣ ಸುರಿದಂತೆ ಅದು ಕಂಡಿತು. ಆದರೆ ಜೋಡಣೆಯ ಕೆಲಸ ಬೇರೆ ರಾಜ್ಯಕ್ಕೆ ಹೋಗದೆ ಅಲ್ಲೇ ಉಳಿಯಿತು. ಓರಿಯನ್ ಕಾನ್‌ಸ್ಟೆಲೇಷನ್‌ನ ಭಾಗವಾಗಿತ್ತಾದರೂ, ಆ ಕಾರ್ಯಕ್ರಮ ರದ್ದಾದ ಮೇಲೂ ಉಳಿದುಕೊಂಡಿತು.

ಎರಡನೆಯ ಸಾಧನ ತೆರಿಗೆ ಮರುಪಾವತಿ. ರಾಜ್ಯ ಆಯ್ದುಕೊಂಡ ಉದ್ಯಮಗಳಿಗೆಂದು 1990ರ ದಶಕದಲ್ಲಿ ಶುರುವಾಗಿ 2020ರಲ್ಲಿ ಅವಧಿ ಮುಗಿದ ಯೋಜನೆಯದು. ಕಂಪನಿ ಸೃಷ್ಟಿಸುವ ಹೊಸ ಉದ್ಯೋಗಕ್ಕೆ ತಲಾ 3,000 ಡಾಲರ್. ಸಂಬಳ ಆ ಪ್ರದೇಶದ ಸರಾಸರಿಯ ಒಂದೂವರೆ ಪಟ್ಟಿದ್ದರೆ ಇನ್ನೊಂದು ಸಾವಿರ, ಎರಡು ಪಟ್ಟಿದ್ದರೆ ಎರಡು ಸಾವಿರ ಹೆಚ್ಚು. ಒಟ್ಟು ಮೊತ್ತದ ಐದನೆಯ ಒಂದು ಭಾಗವನ್ನು ಸ್ಥಳೀಯ ಆಡಳಿತ ಭರಿಸಬೇಕು. ಮೊದಲು ಕೆಲಸ ಕೊಟ್ಟು, ತೆರಿಗೆ ಕಟ್ಟಿ, ಆಮೇಲೆ ಹಣ ಕೇಳಬೇಕು. ಅದೂ ವರ್ಷಕ್ಕೆ ಕಾಲು ಭಾಗಕ್ಕಿಂತ ಹೆಚ್ಚು ಸಿಗದು. ಸರಾಸರಿಯ ಎರಡು ಪಟ್ಟು ಸಂಬಳದ ನೂರು ಉದ್ಯೋಗಗಳನ್ನು ತಂದ ಕಂಪನಿಗೆ ನಾಲ್ಕು ವರ್ಷಗಳಲ್ಲಿ ಸಿಗುವುದು ಒಟ್ಟು 5 ಲಕ್ಷ ಡಾಲರ್. ತೆರಿಗೆದಾರನ ಕಡೆಯಿಂದ ನೋಡಿದರೆ ಇದು ಬಹಳ ಜಾಗರೂಕವಾದ ಏರ್ಪಾಡು. ಕಂಪನಿಯ ಕಡೆಯಿಂದ ನೋಡಿದರೆ, ಒಬ್ಬ ಎಂಜಿನಿಯರ್ ಲೆಕ್ಕದಲ್ಲಿ ಅದಕ್ಕೆ ಸಿಗುವ ಆ 5,000 ಡಾಲರ್ ಅವರ ಒಂದು ತಿಂಗಳ ಸಂಬಳಕ್ಕೂ ಸಾಲುವುದಿಲ್ಲ. ಇಷ್ಟು ಹಣಕ್ಕಾಗಿ ಕಾರ್ಖಾನೆಯೊಂದು ತನ್ನ ಊರು ಬದಲಿಸೀತೆ ಎಂಬ ಅನುಮಾನ ಸಹಜ.

ಅರ್ಥಶಾಸ್ತ್ರಜ್ಞರನ್ನು ಕಾಡುವುದೂ ಇದೇ ಪ್ರಶ್ನೆ. ಮಿಷಿಗನ್‌ನ ಅಪ್‌ಜಾನ್ ಸಂಸ್ಥೆಯ ಟಿಮತಿ ಬಾರ್ಟಿಕ್ 2018ರಲ್ಲಿ ಆವರೆಗಿನ ಸಂಶೋಧನೆಗಳನ್ನೆಲ್ಲ ಪರಿಶೀಲಿಸಿ ಕೊಟ್ಟ ಅಂದಾಜಿನ ಪ್ರಕಾರ, ಉತ್ತೇಜನ ಪಡೆದ ಕಂಪನಿಗಳ ಪೈಕಿ ಆ ಉತ್ತೇಜನದ ಕಾರಣಕ್ಕಾಗಿಯೇ ನಿರ್ಧಾರ ಬದಲಿಸುವಂಥವು ಶೇ. 2ರಿಂದ 25ರಷ್ಟು ಮಾತ್ರ. ಉಳಿದವು ಹೇಗೂ ಬರುತ್ತಿದ್ದವು. ಕೊಟ್ಟ ಹಣವನ್ನೂ ಪಡೆದುಕೊಂಡವು, ಅಷ್ಟೆ. ಎಚ್ಚರ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ದೇಶದ ಇನ್ನೊಂದು ಮೂಲೆಯ ವಾಷಿಂಗ್ಟನ್ ರಾಜ್ಯದ ಉದಾಹರಣೆಯಿದೆ. 2013ರ ನವೆಂಬರಿನಲ್ಲಿ ಅದು ಬೋಯಿಂಗ್ ಸೇರಿದಂತೆ ವಿಮಾನೋದ್ಯಮಕ್ಕೆ 2040ರವರೆಗೆ ಸುಮಾರು 870 ಕೋಟಿ ಡಾಲರ್‌ಗಳ ತೆರಿಗೆ ರಿಯಾಯಿತಿ ಘೋಷಿಸಿತು. ಇಂತಿಷ್ಟು ಉದ್ಯೋಗ ಉಳಿಸಿಕೊಳ್ಳಬೇಕೆಂಬ ಷರತ್ತು ಅದರಲ್ಲಿರಲಿಲ್ಲ. ಮುಂದಿನ ಕೆಲವೇ ವರ್ಷಗಳಲ್ಲಿ ಬೋಯಿಂಗ್ ಆ ರಾಜ್ಯದಲ್ಲಿ ಸಾವಿರಾರು ಉದ್ಯೋಗಗಳನ್ನು ಕಡಿತಗೊಳಿಸಿತು.

ಫ್ಲಾರಿಡಾದ ಫಲಿತಾಂಶ ಮಿಶ್ರ. ಬ್ರೆಜಿಲ್‌ನ ಎಂಬ್ರೇರ್ 2011ರ ಆರಂಭದಲ್ಲಿ ಬ್ರೆವಾರ್ಡ್‌ನದೇ ಆದ ಮೆಲ್ಬರ್ನ್ ನಗರದಲ್ಲಿ ಸಣ್ಣ ಜೆಟ್‌ಗಳ ಜೋಡಣಾ ಘಟಕ ತೆರೆದು, ಮುಂದೆ ಎಂಜಿನಿಯರಿಂಗ್ ಕೇಂದ್ರವನ್ನೂ ಸೇರಿಸಿತು. ಅದೇ ನಗರದಲ್ಲಿ ರಕ್ಷಣಾ ಕಂಪನಿ ನಾರ್ತ್‌ರಪ್ ಗ್ರಮನ್ 2014ರಲ್ಲಿ 1,800 ಉದ್ಯೋಗಗಳ ವಿಸ್ತರಣೆಯನ್ನು ಪ್ರಕಟಿಸಿತು. ಅತ್ತ, ಪ್ರವಾಸಿಗಳನ್ನು ಬಾಹ್ಯಾಕಾಶದ ಅಂಚಿಗೆ ಒಯ್ಯುವ ರಾಕೆಟ್ ವಿಮಾನವನ್ನು ಇಲ್ಲಿ ತಯಾರಿಸುವುದಾಗಿ 2012ರಲ್ಲಿ ಹೇಳಿದ್ದ ಎಕ್ಸ್‌ಕಾರ್ ಕಂಪನಿ ಒಂದನ್ನೂ ಹಾರಿಸದೆ 2017ರಲ್ಲಿ ದಿವಾಳಿಯಾಯಿತು.

ಉಪಗ್ರಹಗಳ ಮೂಲಕ ಇಂಟರ್ನೆಟ್ ಒದಗಿಸುವ ಒನ್‌ವೆಬ್ ಕಂಪನಿಯ ಕಥೆ ನಮ್ಮ ಮನೆ ಬಾಗಿಲಿಗೂ ಬರುತ್ತದೆ. ಉಪಗ್ರಹಗಳನ್ನು ಕಾರುಗಳ ಹಾಗೆ ಸಾಲುಜೋಡಣೆಯಲ್ಲಿ ತಯಾರಿಸುವ ಕಾರ್ಖಾನೆಯೊಂದನ್ನು ಅದು ಸ್ಪೇಸ್ ಫ್ಲಾರಿಡಾದ ನೆರವಿನೊಂದಿಗೆ ಕೆನೆಡಿ ಕೇಂದ್ರದ ಪಕ್ಕದಲ್ಲೇ ಕಟ್ಟಿ, 2019ರ ಜುಲೈನಲ್ಲಿ ಉದ್ಘಾಟಿಸಿತು. ಎಂಟೇ ತಿಂಗಳಲ್ಲಿ, 2020ರ ಮಾರ್ಚ್‌ನಲ್ಲಿ, ಕಂಪನಿ ದಿವಾಳಿ ಅರ್ಜಿ ಹಾಕಿತು. ಅದನ್ನು ಮೇಲೆತ್ತಿದ್ದು ಬ್ರಿಟನ್ ಸರ್ಕಾರ ಮತ್ತು ಭಾರತದ ಭಾರ್ತಿ ಸಮೂಹ. ಹಾಗೆ ಬದುಕುಳಿದ ಕಾರ್ಖಾನೆಯಲ್ಲಿ ತಯಾರಾದ ಉಪಗ್ರಹಗಳನ್ನು ತಲಾ 36ರಂತೆ 2022ರ ಅಕ್ಟೋಬರ್ ಮತ್ತು 2023ರ ಮಾರ್ಚ್‌ನಲ್ಲಿ ಶ್ರೀಹರಿಕೋಟಾದಿಂದ ಇಸ್ರೋದ ಎಲ್‌ವಿಎಂ3 ರಾಕೆಟ್ ಕಕ್ಷೆಗೆ ಒಯ್ದಿತು. ಆ ಉಡಾವಣೆಗಳ ಒಪ್ಪಂದ ಮಾಡಿಕೊಂಡಿದ್ದು ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ನ್ಯೂಸ್ಪೇಸ್ ಇಂಡಿಯಾ ಸಂಸ್ಥೆ. ಉಡಾವಣಾ ಕಟ್ಟೆಗಳ ನೆರಳಿನಲ್ಲೇ ತಯಾರಾದ ಉಪಗ್ರಹಗಳು ಅರ್ಧ ಭೂಮಿ ಸುತ್ತಿ ಬಂದು ಬಂಗಾಳ ಕೊಲ್ಲಿಯ ದಡದಿಂದ ಮೇಲೇರಿದವು. ಕಾರ್ಖಾನೆಗೆ ನೆರವು ಕೊಟ್ಟು ಕರೆತರಬಹುದು. ಅದರ ಸರಕು ಎಲ್ಲಿಂದ ಹಾರಬೇಕೆಂಬುದು ರಾಜ್ಯದ ಕೈಯಲ್ಲಿಲ್ಲ.

ನನ್ನ ಮಟ್ಟಿಗೆ ಫ್ಲಾರಿಡಾದ ಹಣ ಚೆನ್ನಾಗಿ ದುಡಿದದ್ದು ಎದ್ದು ಹೋಗಲಾರದ ವಸ್ತುಗಳ ಮೇಲೆ ಹೂಡಿದಾಗ. ಶಟಲ್‌ಗಳ ರಿಪೇರಿ ನಡೆಯುತ್ತಿದ್ದ ಮೂರು ಹ್ಯಾಂಗರ್‌ಗಳಲ್ಲಿ ಒಂದನ್ನು ಕೊನೆಯ ಯಾನ ಮುಗಿದ ಮೂರೇ ತಿಂಗಳಲ್ಲಿ ಸ್ಪೇಸ್ ಫ್ಲಾರಿಡಾ ನಾಸಾದಿಂದ ಪಡೆದು ಬೋಯಿಂಗ್‌ಗೆ ಒಪ್ಪಿಸಿತು. ನೌಕೆಯ ರೆಕ್ಕೆ, ಬಾಲ, ಮೂತಿಗಳ ಸುತ್ತ ಅಳತೆಗೆ ಹೊಲಿದ ಅಂಗಿಯಂತೆ ಕಟ್ಟಿದ್ದ ಉಕ್ಕಿನ ಅಟ್ಟಣಿಗೆಗಳನ್ನೆಲ್ಲ ಕಿತ್ತುಹಾಕಿ, ಖಾಲಿ ನೆಲ ಮಾಡಿಕೊಂಡು, ಬೋಯಿಂಗ್ ಅಲ್ಲಿ ಸ್ಟಾರ್‌ಲೈನರ್ ನೌಕೆಯ ಜೋಡಣೆ ಆರಂಭಿಸಿತು. ನಾಸಾ ತಾನೇ 39ಎ ಉಡಾವಣಾ ಕಟ್ಟೆಯನ್ನು 2014ರ ಏಪ್ರಿಲ್‌ನಲ್ಲಿ ಸ್ಪೇಸ್‌ಎಕ್ಸ್‌ಗೆ 20 ವರ್ಷಗಳ ಗುತ್ತಿಗೆಗೆ ಕೊಟ್ಟಿತು. ಅಟ್ಲಾಂಟಿಸ್ ಇಳಿದಿದ್ದ, ನಾಲ್ಕೂವರೆ ಕಿಲೋಮೀಟರ್ ಉದ್ದದ ರನ್‌ವೇ 2015ರಲ್ಲಿ 30 ವರ್ಷಗಳ ಮಟ್ಟಿಗೆ ರಾಜ್ಯದ ಸುಪರ್ದಿಗೆ ಬಂತು. ಅದೇ ವರ್ಷ ರಾಕೆಟ್ ಕಂಪನಿ ಬ್ಲೂ ಒರಿಜಿನ್ 20 ಕೋಟಿ ಡಾಲರ್ ಹೂಡಿಕೆ ಮತ್ತು 330 ಉದ್ಯೋಗಗಳ ಮಾತಿನೊಂದಿಗೆ ಬಂದಿತು. ಇವುಗಳಲ್ಲಿ ಯಾವ ಕಂಪನಿ ಬಿಟ್ಟುಹೋದರೂ ಕಟ್ಟೆ, ಹ್ಯಾಂಗರ್, ರನ್‌ವೇ ಮುಂದಿನ ಬಾಡಿಗೆದಾರನಿಗಾಗಿ ಅಲ್ಲೇ ಇರುತ್ತವೆ.

ಈ ಜಾಗಕ್ಕೆ ಬಾಡಿಗೆದಾರರು ಬರುವುದಕ್ಕೂ ಭೌತಿಕ ಕಾರಣಗಳಿವೆ. ಕೇಪ್ ಕೆನಾವೆರಲ್ ಇರುವುದು ಸುಮಾರು 28.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಭೂಮಿ ತಿರುಗುವುದರಿಂದ ಅಲ್ಲಿನ ನೆಲ ಸೆಕೆಂಡಿಗೆ ಸುಮಾರು 408 ಮೀಟರ್ ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿರುತ್ತದೆ, ಮತ್ತು ಪೂರ್ವಕ್ಕೆ ಹಾರುವ ರಾಕೆಟ್‌ಗೆ ಆ ವೇಗ ಪುಕ್ಕಟೆಯಾಗಿ ಸಿಗುತ್ತದೆ. ಪೂರ್ವಕ್ಕೆ ಇರುವುದು ಸಾಗರ. ಏನಾದರೂ ಹೆಚ್ಚುಕಡಿಮೆಯಾದರೂ ಊರುಗಳ ಮೇಲೆ ಬೀಳುವ ಭಯ ಕಡಿಮೆ. ಇದರ ಜೊತೆಗೆ ಕೇಂದ್ರ ಸರ್ಕಾರದ ಹಣವೂ ಬಂತು: ಗಗನಯಾತ್ರಿಗಳನ್ನು ನಿಲ್ದಾಣಕ್ಕೆ ಒಯ್ಯುವ ಗುತ್ತಿಗೆಯಾಗಿ 2014ರ ಸೆಪ್ಟೆಂಬರಿನಲ್ಲಿ ನಾಸಾ ಬೋಯಿಂಗ್‌ಗೆ 420 ಕೋಟಿ, ಸ್ಪೇಸ್‌ಎಕ್ಸ್‌ಗೆ 260 ಕೋಟಿ ಡಾಲರ್ ಮಂಜೂರು ಮಾಡಿತು. ರಾಜ್ಯದ ಎಲ್ಲ ಮರುಪಾವತಿಗಳೂ ಇದರ ಮುಂದೆ ಚಿಲ್ಲರೆ. ಸರ್ಕಾರದ ಹಿಡಿತದಿಂದ ಬಿಡಿಸಿಕೊಂಡ ಖಾಸಗಿ ಬಾಹ್ಯಾಕಾಶ ಯುಗ ಎಂದು ಕರೆಯುವುದರ ಬುಡದಲ್ಲಿ ಹಳೆಯ ಗಿರಾಕಿಯೇ ಇದ್ದಾನೆ.

ಲೆಕ್ಕದ ಪುಸ್ತಕದಲ್ಲಿ ಬ್ರೆವಾರ್ಡ್ ಗೆದ್ದಿದೆ. 2023ರಲ್ಲಿ ಅಲ್ಲಿಂದ 72 ಉಡಾವಣೆಗಳು ನಡೆದವು, ನಿರುದ್ಯೋಗ ಶೇ. 3ರ ಆಸುಪಾಸಿಗೆ ಇಳಿದಿತ್ತು. ಆದರೆ ಅಮೆರಿಕದ ನೆಲದಿಂದ ಮತ್ತೆ ಮನುಷ್ಯರು ಕಕ್ಷೆಗೆ ಹಾರಿದ್ದು 2020ರ ಮೇ 30ರಂದು, ಅಂದರೆ ಶಟಲ್ ನಿಂತ ಸುಮಾರು ಒಂಬತ್ತು ವರ್ಷಗಳ ಮೇಲೆ. ಸ್ಟಾರ್‌ಲೈನರ್ ಗಗನಯಾತ್ರಿಗಳನ್ನು ಹೊತ್ತು ಹೊರಟಿದ್ದು 2024ರ ಜೂನ್‌ನಲ್ಲಿ. ಉತ್ತೇಜನದ ಕಾನೂನುಗಳು ಎಣಿಸುವುದು ಉದ್ಯೋಗಗಳನ್ನು. ಆ ಉದ್ಯೋಗದಲ್ಲಿ ಕೂತವರು ಯಾರು, ಹಳಬರೋ ಹೊಸಬರೋ ಎಂಬುದನ್ನಲ್ಲ. ಶಟಲ್ ಕೆಲಸಗಾರರ ಮರುತರಬೇತಿಗೆಂದೇ ಕೇಂದ್ರದ ಕಾರ್ಮಿಕ ಇಲಾಖೆ 2010ರಲ್ಲಿ 1.5 ಕೋಟಿ ಡಾಲರ್ ಕೊಟ್ಟಿತ್ತು. ಏಳೆಂಟು ಸಾವಿರ ಜನರಿಗೆ ಹಂಚಿದರೆ ಅದು ತಲೆಗೆ ಸುಮಾರು ಎರಡು ಸಾವಿರ ಡಾಲರ್. ಐವತ್ತು ದಾಟಿದ, ಸಾಲದ ಮನೆಯಲ್ಲಿದ್ದ ತಂತ್ರಜ್ಞನಿಗೆ ಒಂಬತ್ತು ವರ್ಷ ಕಾಯುವುದಕ್ಕೆ ಅದರಿಂದ ಏನೂ ಆಗುತ್ತಿರಲಿಲ್ಲ.

ಈಗ ಸ್ಪೇಸ್‌ಎಕ್ಸ್ ತನ್ನ ಸ್ಟಾರ್‌ಶಿಪ್‌ಗೆ ಬೇಕಾದ ಶಾಖನಿರೋಧಕ ಬಿಲ್ಲೆಗಳನ್ನು ಕೇಪ್ ಕೆನಾವೆರಲ್‌ನಲ್ಲೇ ಸುಡುತ್ತಿದೆ. ಆ ಕಾರ್ಖಾನೆಗೆ ಅಲ್ಲಿನವರು ‘ಬೇಕರಿ’ ಎನ್ನುತ್ತಾರೆ. ಒಂದು ನೌಕೆಗೆ ಸುಮಾರು 18,000 ಬಿಲ್ಲೆಗಳು, ಸಿಲಿಕಾದವೇ, ಕಪ್ಪು ಬಣ್ಣದವೇ. ಆದರೆ ಬಹುಪಾಲು ಒಂದೇ ಅಳತೆಯ ಷಟ್ಕೋನಗಳು, ಅವುಗಳಲ್ಲಿ ಹೆಚ್ಚಿನವನ್ನು ಅಂಟಿನಿಂದಲ್ಲ, ಉಕ್ಕಿನ ಮೈಯಿಂದ ಎದ್ದಿರುವ ಸಣ್ಣ ಗೂಟಗಳಿಗೆ ಒತ್ತಿ ಕೂರಿಸುತ್ತಾರೆ.