ಪಿತ್ತನಾಳದ ಶಸ್ತ್ರಚಿಕಿತ್ಸೆಯ ನಂತರ ನಂಜು ಏರಿದಾಗ

“ಆಪರೇಷನ್ ಚೆನ್ನಾಗಿ ಆಗಿದೆ ಎಂದು ನೀವೇ ಹೇಳಿದ್ದಿರಿ, ಈಗ ಇನ್ಫೆಕ್ಷನ್ ಎನ್ನುತ್ತೀರಲ್ಲ ಡಾಕ್ಟ್ರೇ?” ಪಿತ್ತನಾಳದ ಶಸ್ತ್ರಚಿಕಿತ್ಸೆಯಾದ ನಾಲ್ಕನೆಯ ದಿನವೋ ಐದನೆಯ ದಿನವೋ ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಿಂತು ಈ ಪ್ರಶ್ನೆಯನ್ನು ನಾನು ಅನೇಕ ಸಲ ಎದುರಿಸಿದ್ದೇನೆ. ಕೇಳುವವರ ದನಿಯಲ್ಲಿ ಸಿಟ್ಟಿರುತ್ತದೆ, ಸಿಟ್ಟಿನ ಕೆಳಗೆ ಭಯವಿರುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಗಿರುವುದೂ ಅದರ ಬೆನ್ನಿಗೇ ತೀವ್ರ ಸೋಂಕು ತಗಲುವುದೂ ಒಟ್ಟಿಗೆ ನಿಜವಾಗಿರಬಹುದು ಎಂಬುದನ್ನು ನಾವು ವೈದ್ಯರು ಮೊದಲೇ ಕುಳಿತು ವಿವರಿಸಬೇಕು. ಅವಸರದಲ್ಲಿ ಆ ಮಾತು ಒಪ್ಪಿಗೆ ಪತ್ರದ ಒಂದು ಸಾಲಾಗಿ ಉಳಿದುಬಿಡುತ್ತದೆ.

ನಮ್ಮ ಯಕೃತ್ತು ದಿನಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದು ಲೀಟರಿನಷ್ಟು ಪಿತ್ತರಸವನ್ನು ತಯಾರಿಸುತ್ತದೆ. ಅದು ನಾಳದ ಮೂಲಕ ಹರಿದು ಸಣ್ಣ ಕರುಳನ್ನು ಸೇರುತ್ತದೆ, ಮತ್ತು ನಾಳ ಕರುಳನ್ನು ಕೂಡುವ ಜಾಗದಲ್ಲಿ ಸ್ನಾಯುವಿನ ಒಂದು ಪುಟ್ಟ ಕವಾಟವಿದ್ದು, ಕರುಳಿನ ಬ್ಯಾಕ್ಟೀರಿಯಾಗಳು ಮೇಲಕ್ಕೆ ಏರದಂತೆ ಅದು ಕಾಯುತ್ತದೆ. ಗಡ್ಡೆಯನ್ನೋ ಕಿರಿದಾದ ಭಾಗವನ್ನೋ ತೆಗೆದು, ಉಳಿದ ನಾಳವನ್ನು ನೇರವಾಗಿ ಕರುಳಿಗೆ ಹೊಲಿದಾಗ ಆ ಕವಾಟ ದಾರಿಯಲ್ಲಿ ಇರುವುದಿಲ್ಲ. ಪಿತ್ತ ಹರಿಯಲೆಂದು ನಾಳದೊಳಗೆ ಇಡುವ ಸಣ್ಣ ಕೊಳವೆ, ಅಂದರೆ ಸ್ಟೆಂಟ್, ಅದನ್ನು ಹಾಯ್ದು ಹೋಗಿದ್ದರೆ ಕವಾಟವಿದ್ದೂ ಮುಚ್ಚಿಕೊಳ್ಳುವುದಿಲ್ಲ. ಹೀಗೆ ಕರುಳಿನ ಬ್ಯಾಕ್ಟೀರಿಯಾಗಳಿಗೆ ಮೇಲಕ್ಕೆ ದಾರಿಯಾಗುತ್ತದೆ. ಪಿತ್ತ ಸರಾಗವಾಗಿ ಹರಿಯುತ್ತಿರುವಷ್ಟು ದಿನ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ಹರಿವು ಎಲ್ಲಾದರೂ ತಡೆದರೆ ನಿಂತ ನೀರಿನಂತೆ ಪಿತ್ತವೂ ಕೆಡುತ್ತದೆ, ನಾಳದೊಳಗೆ ಒತ್ತಡ ಏರುತ್ತದೆ, ಆ ಒತ್ತಡವೇ ಬ್ಯಾಕ್ಟೀರಿಯಾಗಳನ್ನು ರಕ್ತಕ್ಕೆ ನೂಕುತ್ತದೆ. ಹೊಲಿಗೆ ಹಾಕಿದ ಜಾಗದಿಂದ ಪಿತ್ತ ಸೋರಿ ಹೊಟ್ಟೆಯೊಳಗೆ ಶೇಖರವಾಗಿ ಕೀವಾಗುವುದು ಇನ್ನೊಂದು ಬಗೆ. ಎರಡರಲ್ಲೂ ಕೊನೆಗೆ ಆಗುವುದು ಸೆಪ್ಸಿಸ್, ಅಂದರೆ ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆಯೇ ಹತೋಟಿ ಮೀರಿ ಅಂಗಾಂಗಗಳನ್ನು ಕೆಡಿಸತೊಡಗುವ ಸ್ಥಿತಿ.

ನಡುಕ ಹುಟ್ಟಿಸುವ ಚಳಿಜ್ವರ, ಕಾಮಾಲೆ, ಹೊಟ್ಟೆಯ ಬಲಮೇಲ್ಭಾಗದ ನೋವು ಎಂಬ ಮೂರು ಲಕ್ಷಣಗಳನ್ನು ಫ್ರೆಂಚ್ ವೈದ್ಯ ಚಾರ್ಕೋ 1877ರಲ್ಲಿ ಒಟ್ಟಿಗೆ ಗುರುತಿಸಿದರು. 1959ರಲ್ಲಿ ರೆನಾಲ್ಡ್ಸ್ ಮತ್ತು ಡಾರ್ಗನ್ ಅವಕ್ಕೆ ಇನ್ನೆರಡನ್ನು ಸೇರಿಸಿದರು: ರಕ್ತದೊತ್ತಡ ಕುಸಿಯುವುದು ಮತ್ತು ಬುದ್ಧಿ ಮಂಕಾಗುವುದು. ಐದೂ ಒಟ್ಟಿಗೆ ಕಾಣಿಸಿದರೆ ಕಾಯಿಲೆ ಅದಾಗಲೇ ಬಹಳ ದೂರ ಹೋಗಿರುತ್ತದೆ. ಎಲ್ಲ ರೋಗಿಗಳಲ್ಲೂ ಇವೆಲ್ಲ ಕಾಣಿಸುತ್ತವೆ ಎಂದೇನೂ ಇಲ್ಲ. ವಯಸ್ಸಾದವರಲ್ಲಿ ಜ್ವರವೇ ಬಾರದೆ, ಅಸಂಬದ್ಧವಾಗಿ ಮಾತನಾಡುವುದೊಂದೇ ಮೊದಲ ಸೂಚನೆಯಾಗಿರುವುದುಂಟು.

ಇಲ್ಲಿಯೇ ಮನೆಯವರ ಪಾತ್ರ ಶುರುವಾಗುತ್ತದೆ. ನನ್ನ ರೋಗಿಯೊಬ್ಬರ ಮಗಳು ಒಂದು ಬೆಳಿಗ್ಗೆ ತಂದೆಯ ಪಕ್ಕ ಕುಳಿತಿದ್ದರು. ತಂದೆ ಹೊದಿಕೆಯ ಅಂಚನ್ನು ಮಡಿಸುತ್ತಿದ್ದರು, ಬಿಚ್ಚುತ್ತಿದ್ದರು, ಮತ್ತೆ ಮಡಿಸುತ್ತಿದ್ದರು. ಒಮ್ಮೆ ಮಗಳನ್ನು ತಮ್ಮ ಅಕ್ಕನ ಹೆಸರಿನಿಂದ ಕರೆದರು. ನೋವಿನ ಔಷಧದ ಮಂಪರಿರಬಹುದು ಎಂದು ಉಳಿದವರು ಅಂದುಕೊಂಡರು. ಮಗಳು ಮಾತ್ರ, “ನಮ್ಮಪ್ಪ ಹೀಗಲ್ಲ, ದಯವಿಟ್ಟು ಯಾರಾದರೂ ಬಂದು ನೋಡಿ” ಎಂದು ಪಟ್ಟು ಹಿಡಿದರು. ನಾನು ಬಂದು ನೋಡಿದಾಗ ಕೈಕಾಲು ತಣ್ಣಗಾಗಿದ್ದವು, ನಾಡಿ ಓಡುತ್ತಿತ್ತು. ಒಳಗಿನ ಪಿತ್ತವನ್ನು ಕೊಳವೆಯ ಮೂಲಕ ಹೊರಗೆ ತುಂಬಿಕೊಳ್ಳಲು ಹಾಸಿಗೆಯ ಬದಿಗೆ ತೂಗುಹಾಕಿದ್ದ ಡ್ರೈನ್ ಚೀಲದಲ್ಲಿ ಹಿಂದಿನ ದಿನ ಇನ್ನೂರು ಮಿಲಿಲೀಟರಿನಷ್ಟು ಪಿತ್ತ ಬಂದಿದ್ದರೆ, ಆ ಬೆಳಿಗ್ಗೆ ಇಪ್ಪತ್ತೂ ಬಂದಿರಲಿಲ್ಲ. ಕೊಳವೆ ಕಟ್ಟಿಕೊಂಡು, ಹೊರಗೆ ಬರಬೇಕಾದದ್ದು ಒಳಗೇ ತುಂಬಿತ್ತು. ಅಂದು ಮಧ್ಯಾಹ್ನವೇ ಸ್ಕ್ಯಾನ್ ನೋಡಿಕೊಂಡು ಚರ್ಮದ ಮೂಲಕ ಹೊಸ ಕೊಳವೆ ಹಾಕಿದೆವು. ಚೀಲಕ್ಕೆ ಬರುವ ಪಿತ್ತ ಕಡಿಮೆಯಾಗುತ್ತ ಬರುವುದು ಸಾಮಾನ್ಯವಾಗಿ ಒಳ್ಳೆಯ ಸುದ್ದಿ, ಆದರೆ ಹಠಾತ್ತನೆ ನಿಂತರೆ ಅದನ್ನು ಒಳ್ಳೆಯ ಸುದ್ದಿ ಎಂದು ನಂಬಕೂಡದು. ಇದನ್ನು ನಾನು ಪ್ರತಿಯೊಂದು ಕುಟುಂಬಕ್ಕೂ ಚೀಲವನ್ನು ತೋರಿಸಿಯೇ ಹೇಳುತ್ತೇನೆ. ರೋಗಿಯ ಸಹಜ ಸ್ವಭಾವ ಗೊತ್ತಿರುವುದು ನಿಮಗೆ, ನಮಗಲ್ಲ.

ಚಿಕಿತ್ಸೆಯ ಬಗ್ಗೆ ಹುಟ್ಟುವ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ಹೇಳಲೇಬೇಕು. ಸೆಪ್ಸಿಸ್‌ನಿಂದ ರಕ್ತದೊತ್ತಡ ಕುಸಿದಿರುವ ರೋಗಿಗೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಕೊಡಬೇಕೆಂಬುದು ನಿಯಮ. ಯಾವ ಬ್ಯಾಕ್ಟೀರಿಯಾ ಎಂದು ಹೇಳುವ ಕಲ್ಚರ್ ವರದಿಗೆ ಎರಡು ಮೂರು ದಿನ ಬೇಕಾಗುವುದರಿಂದ, ಅಲ್ಲಿಯವರೆಗೆ ಅನೇಕ ಬಗೆಯ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುವ ಔಷಧವನ್ನು ಕೊಟ್ಟು, ವರದಿ ಬಂದ ಮೇಲೆ ಅದಕ್ಕೆ ತಕ್ಕದ್ದಕ್ಕೆ ಬದಲಿಸುತ್ತೇವೆ. “ಮೊದಲಿನ ಔಷಧಿ ಹಿಡಿಯಲಿಲ್ಲವಂತೆ” ಎಂದು ಮನೆಯವರು ಫೋನಿನಲ್ಲಿ ಹೇಳಿಕೊಳ್ಳುವುದು ನನ್ನ ಕಿವಿಗೆ ಬಿದ್ದಿದೆ. ಬದಲಾವಣೆಯ ಅರ್ಥ ಸಾಮಾನ್ಯವಾಗಿ ಅದಲ್ಲ, ಶತ್ರು ಯಾರೆಂದು ಈಗ ಗೊತ್ತಾಗಿದೆ ಎಂದು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಕಟ್ಟಿಕೊಂಡ ಪಿತ್ತವನ್ನೂ ತುಂಬಿದ ಕೀವನ್ನೂ ಹೊರಗೆ ತೆಗೆಯದೆ ಎಷ್ಟು ದುಬಾರಿಯ ಆಂಟಿಬಯಾಟಿಕ್ ಕೊಟ್ಟರೂ ಸಾಲದು. ಎಂಡೋಸ್ಕೋಪಿಯಿಂದಲೋ, ಚರ್ಮದ ಮೂಲಕ ಹಾಕುವ ಕೊಳವೆಯಿಂದಲೋ, ಬೇರೆ ದಾರಿಯಿಲ್ಲದಾಗ ಮತ್ತೊಂದು ಶಸ್ತ್ರಚಿಕಿತ್ಸೆಯಿಂದಲೋ ಆ ಕೆಲಸ ಆಗಬೇಕು. ಆದ್ದರಿಂದ ವೈದ್ಯರನ್ನು ದಿನಕ್ಕೆ ಒಂದೇ ಪ್ರಶ್ನೆ ಕೇಳಲು ಅವಕಾಶವಿದ್ದರೆ ಇದನ್ನು ಕೇಳಿ: “ಸೋಂಕಿನ ಮೂಲ ಎಲ್ಲಿದೆ, ಅಲ್ಲಿಂದ ಪಿತ್ತವಾಗಲಿ ಕೀವಾಗಲಿ ಈಗ ಸರಿಯಾಗಿ ಹೊರಗೆ ಹರಿಯುತ್ತಿದೆಯೇ?” ಹೇಗಿದ್ದಾರೆ ಎಂಬ ಪ್ರಶ್ನೆಗೆ “ಕ್ರಿಟಿಕಲ್, ಬಟ್ ಸ್ಟೇಬಲ್” ಎಂಬ ಸಿದ್ಧ ಉತ್ತರವಿದೆ. ಈ ಪ್ರಶ್ನೆಗೆ ಅಂಥ ಸಿದ್ಧ ಉತ್ತರವಿಲ್ಲ.

ಹಾಸಿಗೆಯ ಪಕ್ಕದ ಮಾನಿಟರಿನಲ್ಲಿ ಕ್ಷಣಕ್ಷಣಕ್ಕೂ ಬದಲಾಗುವ ಅಂಕಿಗಳನ್ನು ದಿಟ್ಟಿಸುತ್ತ ಕುಳಿತರೆ ಜೀವ ಹಣ್ಣಾಗುತ್ತದೆ. ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸವನ್ನು ನೋಡಿ: ರಕ್ತದೊತ್ತಡ ಹಿಡಿದಿಡುವ ನಾರ್‌ಅಡ್ರಿನಲಿನ್ ಔಷಧದ ಪ್ರಮಾಣ ಇಳಿಯುತ್ತಿದೆಯೇ, ಮೂತ್ರ ಸಾಕಷ್ಟು ಬರುತ್ತಿದೆಯೇ, ಮೊದಲಿಗಿಂತ ಕಡಿಮೆ ಆಮ್ಲಜನಕ ಕೊಟ್ಟರೆ ಸಾಕಾಗುತ್ತಿದೆಯೇ, ಕರೆದರೆ ಕಣ್ಣು ತೆರೆಯುತ್ತಾರೆಯೇ. ಕಾಮಾಲೆಯನ್ನು ಅಳತೆಗೋಲು ಮಾಡಿಕೊಂಡು ಕೊರಗುವವರಿಗೆ ಒಂದು ಮಾತು. ಬಹಳ ದಿನ ಕಾಮಾಲೆಯಿದ್ದವರಲ್ಲಿ ಹಳದಿ ಬಣ್ಣಕ್ಕೆ ಕಾರಣವಾದ ಬಿಲಿರುಬಿನ್ ಎಂಬ ವಸ್ತುವಿನ ಒಂದು ಭಾಗ ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಮತ್ತು ಆ ಪ್ರೋಟೀನಿನ ಅರ್ಧ ಭಾಗ ಸವೆಯಲು ಎರಡು ಮೂರು ವಾರ ಹಿಡಿಯುತ್ತದೆ. ಪಿತ್ತ ಚೆನ್ನಾಗಿ ಹರಿಯತೊಡಗಿದ ಮೇಲೂ ಕಣ್ಣಿನ ಹಳದಿ ನಿಧಾನವಾಗಿ ಇಳಿಯುವುದಕ್ಕೆ ಇದೂ ಒಂದು ಕಾರಣ.

ನಿಮ್ಮ ತಾಯಿ ನಿಮ್ಮನ್ನು ಗುರುತಿಸದೆ ಗದರಿದರೆ, ನಿಮ್ಮ ಗಂಡ ಕೊಳವೆಗಳನ್ನು ಕಿತ್ತುಹಾಕಲು ಹೋದರೆ, ಅದನ್ನು ನೋಡುವ ನೋವಿಗೆ ನನ್ನಲ್ಲಿ ಔಷಧವಿಲ್ಲ. ಅವರ ಆ ವರ್ತನೆ ಡೆಲಿರಿಯಂ, ಅಂದರೆ ಕಾಯಿಲೆಯಿಂದ ಬುದ್ಧಿ ಗೊಂದಲಕ್ಕೀಡಾಗುವುದು, ಕಾಯಿಲೆಯ ಒಂದು ಭಾಗ. ಅವರ ಮನಸ್ಸಿನಲ್ಲಿ ನಿಮ್ಮ ಮೇಲಿರುವ ಪ್ರೀತಿ ಕಡಿಮೆಯಾದದ್ದಲ್ಲ. ವಾದ ಮಾಡಬೇಡಿ. ಅವರ ಕನ್ನಡಕವನ್ನೂ ಶ್ರವಣ ಸಾಧನವನ್ನೂ ತಂದುಕೊಡಿ, ಇಂದು ಯಾವ ವಾರ, ಈಗ ಬೆಳಿಗ್ಗೆಯೋ ಸಂಜೆಯೋ ಎಂದು ಹೇಳಿ, ಕೈ ಹಿಡಿದು ನಿಮ್ಮ ಎಂದಿನ ದನಿಯಲ್ಲಿ ಮನೆಯ ಸಣ್ಣಪುಟ್ಟ ಸಂಗತಿ ಮಾತನಾಡಿ. ವೆಂಟಿಲೇಟರ್ ಮೇಲಿರುವವರ ಜೊತೆಗೂ ಹಾಗೆಯೇ ಮಾತನಾಡಿ.

ಹೊರಗೆ ಕಾಯುವವರೂ ದಣಿಯುತ್ತಾರೆ. ವೈದ್ಯರೊಡನೆ ಮಾತನಾಡಲು ಮನೆಯವರಲ್ಲಿ ಒಬ್ಬರನ್ನು ಗೊತ್ತುಮಾಡಿ, ಅವರು ಕೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಆತಂಕದಲ್ಲಿ ಕೇಳಿದ ಮಾತು ತಲೆಯಲ್ಲಿ ನಿಲ್ಲುವುದಿಲ್ಲ. ರಾತ್ರಿಗಳನ್ನು ಹಂಚಿಕೊಳ್ಳಿ. “ಆಪರೇಷನ್ನಿಗೆ ಸಹಿ ಹಾಕಿದ್ದು ನಾನೇ” ಎಂಬ ಕೊರಗು ಬಹಳ ಜನರನ್ನು ತಿನ್ನುತ್ತದೆ. ಕಟ್ಟಿಕೊಂಡ ನಾಳವನ್ನು ಹಾಗೆಯೇ ಬಿಟ್ಟಿದ್ದರೂ ಇದೇ ಸೋಂಕು ಬರುವ ಸಾಧ್ಯತೆಯಿತ್ತು ಎಂದು ನಾನು ಅವರಿಗೆ ಹೇಳುತ್ತೇನೆ, ಸಮಾಧಾನಕ್ಕಾಗಿ ಅಲ್ಲ, ಅದು ನಿಜವಾದ್ದರಿಂದ. ಇಷ್ಟೆಲ್ಲ ಮಾಡಿಯೂ ಕೆಲವರು ಉಳಿಯುವುದಿಲ್ಲ. ಎರಡು ಮೂರು ಅಂಗಗಳು ಒಟ್ಟಿಗೆ ಕೈಕೊಡುತ್ತಿದ್ದರೆ, ರೋಗಿಗೆ ಸ್ವತಃ ಮಾತನಾಡಲು ಆಗುತ್ತಿದ್ದರೆ ಏನನ್ನು ಬಯಸುತ್ತಿದ್ದರು ಎಂಬುದನ್ನು ಮನೆಯವರು ಕೂಡಿ ಮಾತನಾಡಿಕೊಳ್ಳುವುದು ಅಪಶಕುನವಲ್ಲ. ಆ ಮಾತುಕತೆಯಲ್ಲಿ ನಾನೂ ಬಂದು ಕೂರುತ್ತೇನೆ.

ಚೇತರಿಸಿಕೊಂಡು ಮನೆಗೆ ಹೋಗುವವರಿಗೆ ಸುಸ್ತು, ಮರೆವು, ಕೆಟ್ಟ ಕನಸುಗಳು ತಿಂಗಳುಗಟ್ಟಲೆ ಉಳಿಯಬಹುದು. ಅದನ್ನು ಸೋಮಾರಿತನವೆಂದು ತಿಳಿಯಬೇಡಿ. ಮನೆಯಲ್ಲಿ ಚಳಿ ನಡುಕದ ಜ್ವರ ಬಂದರೆ, ಪ್ಯಾರಾಸಿಟಮಾಲ್‌ನಿಂದ ಅದು ಇಳಿದರೂ, ಕೂಡಲೇ ಆಸ್ಪತ್ರೆಗೆ ಕರೆತನ್ನಿ, ಬೆಳಗಾಗಲಿ ಎಂದು ಕಾಯಬೇಡಿ. ಒಳಗೆ ಪ್ಲಾಸ್ಟಿಕ್ ಸ್ಟೆಂಟ್ ಇದ್ದರೆ ಸುಮಾರು ಮೂರು ತಿಂಗಳಲ್ಲಿ ಅದು ಕಟ್ಟಿಕೊಳ್ಳತೊಡಗುತ್ತದೆ, ಅಷ್ಟರೊಳಗೆ ತೆಗೆಸಬೇಕು ಇಲ್ಲವೇ ಬದಲಿಸಬೇಕು. ಆರಾಮಾದ ಮೇಲೆ ಸ್ಟೆಂಟ್ ಇರುವುದನ್ನೇ ಮರೆತು, ವರ್ಷದ ನಂತರ ಮತ್ತೆ ಅದೇ ನಂಜಿನೊಂದಿಗೆ ಬಂದವರನ್ನು ನಾನು ನೋಡಿದ್ದೇನೆ. ಬಿಡುಗಡೆಯ ದಿನವೇ ವೈದ್ಯರಿಂದ ಆ ತಾರೀಖನ್ನು ಕೇಳಿ ಪಡೆದು, ಮನೆಯ ಕ್ಯಾಲೆಂಡರಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿಡಿ.