ಬೆದರುವ ಕುದುರೆ, ಗಮನವಿಲ್ಲದ ಕುದುರೆ: ಬಯಲು ಸವಾರಿ ಕಲಿಯುವವರಿಗೆ ಟಿಪ್ಪಣಿ

ಬೇಲಿಯೊಳಗಿನ ಮೈದಾನದಲ್ಲಿ ಹೇಳಿದ ಮಾತು ಕೇಳುವ ಕುದುರೆ, ಹೊಲದ ದಾರಿಗೆ ಬಂದ ಕೂಡಲೇ ಬೇರೆಯದೇ ಪ್ರಾಣಿ ಆಗಿಬಿಡುತ್ತದೆ. ತಲೆ ಮೇಲೆ, ಕಿವಿ ಎಲ್ಲೋ, ಕಾಲು ಇನ್ನೆಲ್ಲೋ. ಖಾಲಿ ಗೊಬ್ಬರದ ಚೀಲವೊಂದು ಅಲುಗಾಡಿದರೆ ಸಾಕು, ಒಂದು ಮಾರು ಪಕ್ಕಕ್ಕೆ ಹಾರುತ್ತದೆ. ಬೀದರ್ ಸುತ್ತಮುತ್ತ ಸವಾರಿ ಕಲಿಯುತ್ತಿರುವವರು ಇದರ ಬಗ್ಗೆ ಎರಡು ಪ್ರಶ್ನೆ ಕೇಳುತ್ತಾರೆ. ಬೆದರುವುದನ್ನು ಬಿಡಿಸುವುದು ಹೇಗೆ? ನಮ್ಮ ಕಡೆ ಗಮನ ಇಡುವಂತೆ ಮಾಡುವುದು ಹೇಗೆ? ನನ್ನ ಪ್ರಕಾರ ಎರಡೂ ಒಂದೇ ಪ್ರಶ್ನೆ. ಮೇಲೆ ಕೂತವರಿಂದ ಯಾವ ಸುದ್ದಿಯೂ ಬರದಿದ್ದರೆ ಕುದುರೆ ತನ್ನ ಕಾವಲು ತಾನೇ ಕಾಯಲು ಶುರು ಮಾಡುತ್ತದೆ. ಕಾವಲು ಕಾಯುವವನಿಗೆ ಪೊದೆ ಪೊದೆಯಲ್ಲೂ ಕಳ್ಳ ಕಾಣುತ್ತಾನೆ, ಅಲ್ವಾ? ಹಾಗಾಗಿ ಬೆದರಿದ ಮೇಲೆ ಮಾಡುವ ಕೆಲಸಕ್ಕಿಂತ, ಬೆದರುವ ಇಪ್ಪತ್ತು ಹೆಜ್ಜೆ ಮೊದಲು ಮಾಡಬೇಕಾದ ಕೆಲಸದ ಬಗ್ಗೆ ಇಲ್ಲಿ ಜಾಸ್ತಿ ಬರೆದಿದ್ದೇನೆ.

ಕುದುರೆಗೆ ಏನು ಕಾಣುತ್ತದೆ, ಏನು ಕೇಳುತ್ತದೆ

ಇದನ್ನು ತಿಳಿಯದೆ ಮುಂದೆ ಹೋದರೆ ಎಲ್ಲವೂ ಕುದುರೆಯ ಮೊಂಡುತನ ಅನಿಸುತ್ತದೆ. ಕುದುರೆಯ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ. ಹಾಗಾಗಿ ಸುಮಾರು 350 ಡಿಗ್ರಿಯಷ್ಟು ಸುತ್ತಲಿನ ನೋಟ ಅದಕ್ಕೆ ಸಿಗುತ್ತದೆ. ಕಾಣದ ಜಾಗ ಎರಡೇ: ಹಣೆಯ ಎದುರು ಮೂತಿಯ ಕೆಳಗೆ ಸ್ವಲ್ಪ, ಬಾಲದ ನೇರ ಹಿಂದೆ ಸ್ವಲ್ಪ. ಎರಡೂ ಕಣ್ಣು ಸೇರಿ ನೋಡುವುದು, ಅಂದರೆ ದೂರ ಎಷ್ಟು, ಆಳ ಎಷ್ಟು ಅಂತ ಸರಿಯಾಗಿ ಅಳೆಯುವುದು, ಮುಂದಿನ ಸುಮಾರು 65 ಡಿಗ್ರಿಯಲ್ಲಿ ಮಾತ್ರ. ಪಕ್ಕದಲ್ಲಿ ಏನೋ ಅಲುಗಾಡಿತು ಅನ್ನುವುದು ಅದಕ್ಕೆ ಥಟ್ಟನೆ ಗೊತ್ತಾಗುತ್ತದೆ. ಅದು ಏನು, ಎಷ್ಟು ದೂರ ಅನ್ನುವುದು ಗೊತ್ತಾಗಬೇಕಾದರೆ ತಲೆ ತಿರುಗಿಸಬೇಕು, ಎತ್ತಬೇಕು, ಇಳಿಸಬೇಕು. ನಾವು ಹೆದರಿ ಲಗಾಮು ಬಿಗಿಹಿಡಿದರೆ ಅದನ್ನೇ ತಪ್ಪಿಸಿದ ಹಾಗಾಯಿತು.

ಬಣ್ಣದ ವಿಷಯ ನಮ್ಮ ಸೀಮೆಗೆ ಚೆನ್ನಾಗಿ ಹೊಂದುತ್ತದೆ. ಕುದುರೆಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತವೆ. ಕೆಂಪು, ಹಸಿರಿನ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ಬೀದರಿನ ಕೆಂಪು ನೆಲ, ಅದರ ಪಕ್ಕ ಹಸಿರು ತೊಗರಿ, ನಡುವೆ ರಾಶಿಗೆ ಮುಚ್ಚಿದ ನೀಲಿ ತಾಡಪತ್ರಿ. ನಮಗೆ ಮೂರೂ ಬೇರೆ ಬೇರೆ ಬಣ್ಣ. ಕುದುರೆಗೆ ಆ ತಾಡಪತ್ರಿಯೇ ಎದ್ದು ಕಾಣುತ್ತದೆ. ಇನ್ನು ಬಿಸಿಲಿನಿಂದ ಮಾವಿನ ತೋಪಿನ ದಟ್ಟ ನೆರಳಿಗೆ ಹೋಗುವಾಗ ಅದು ಅನುಮಾನಿಸಿ ನಿಂತರೆ ಬೈಯಬೇಡಿ. ಬೆಳಕಿನಿಂದ ಕತ್ತಲೆಗೆ ಹೊಂದಿಕೊಳ್ಳಲು ಅದರ ಕಣ್ಣಿಗೆ ನಮ್ಮ ಕಣ್ಣಿಗಿಂತ ಹೆಚ್ಚು ಹೊತ್ತು ಬೇಕು.

ಹೋಗುವಾಗ ಸುಮ್ನೆ ದಾಟಿದ ಬಂಡೆಗೆ ಬರುವಾಗ ಬೆದರುತ್ತದೆ. "ಎಡಗಣ್ಣು ನೋಡಿದ್ದು ಬಲಗಣ್ಣಿಗೆ ಗೊತ್ತಾಗಲ್ಲ" ಅನ್ನುವ ಮಾತು ಲಾಯಗಳಲ್ಲಿ ಇವತ್ತಿಗೂ ಓಡಾಡುತ್ತಿದೆ. ಅದು ನಿಜವಲ್ಲ. ಒಂದು ಕಣ್ಣಿನಿಂದ ಕಲಿತದ್ದನ್ನು ಕುದುರೆ ಇನ್ನೊಂದು ಕಣ್ಣಿನಿಂದಲೂ ಗುರುತಿಸುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಆದರೆ ಅದೇ ವಸ್ತು ಬೇರೆ ಮಗ್ಗುಲಿನಿಂದ ಕಂಡರೆ ಅದಕ್ಕೆ ಹೊಸ ವಸ್ತುವೇ. ಹಾಗಾಗಿ ಹೊಸ ವಸ್ತುವನ್ನು ಎರಡೂ ದಿಕ್ಕಿನಿಂದ ತೋರಿಸಬೇಕು. ಕಾರಣ ತಪ್ಪಾಗಿದ್ದರೂ ಹಳಬರ ಪದ್ಧತಿ ಸರಿಯಾಗಿಯೇ ಇತ್ತು.

ಕಿವಿಯ ಕಥೆ ಇನ್ನೂ ಸ್ವಾರಸ್ಯ. ನಮಗೆ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ ಕೇಳುತ್ತದೆ, ಕುದುರೆಗೆ ಸುಮಾರು 33ರವರೆಗೆ. ಆದರೆ ಸದ್ದು ಯಾವ ದಿಕ್ಕಿನಿಂದ ಬಂತು ಅಂತ ಗುರುತಿಸುವುದರಲ್ಲಿ ಅದು ನಮಗಿಂತ ಬಹಳ ಹಿಂದೆ. ನಾವು ಒಂದೆರಡು ಡಿಗ್ರಿ ವ್ಯತ್ಯಾಸವನ್ನೂ ಹಿಡಿಯುತ್ತೇವೆ, ಅದಕ್ಕೆ ಸುಮಾರು 25 ಡಿಗ್ರಿ ಬೇಕು. ಸದ್ದು ಕೇಳಿತು, ಎಲ್ಲಿಂದ ಅಂತ ಗೊತ್ತಾಗಲಿಲ್ಲ. ಗಾಳಿ ಬೀಸುವ ದಿನ ಕುದುರೆ ಯಾಕೆ ಅಷ್ಟು ಚಡಪಡಿಸುತ್ತದೆ ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ. ಕಲಿಯುವವರು ಮೊದಮೊದಲು ಗಾಳಿ ದಿನ ಬಯಲಿಗೆ ಹೋಗದಿರುವುದೇ ಒಳ್ಳೆಯದು.

ಮದುವೆ ಕುದುರೆಯ ಒಗಟು

ನಮ್ಮ ಕಡೆ ಸವಾರಿಗೆ ಸಿಗುವ ಕುದುರೆಗಳಲ್ಲಿ ಕೆಲವು ಮದುವೆ ಮೆರವಣಿಗೆಗೂ ಹೋಗುತ್ತವೆ. ಬ್ಯಾಂಡು, ಡಿಜೆ, ಪಟಾಕಿ, ಕಣ್ಣು ಕುಕ್ಕುವ ಲೈಟು ಯಾವುದಕ್ಕೂ ಜಗ್ಗುವುದಿಲ್ಲ. ಅದೇ ಕುದುರೆ ಕಬ್ಬಿನ ಗದ್ದೆಯಿಂದ ಬೆಳ್ಳಕ್ಕಿ ಎದ್ದರೆ ಹೌಹಾರುತ್ತದೆ. ಒಬ್ಬ ಹುಡುಗ ಕುದುರೆ ಸಾಕುವ ಹಿರಿಯರೊಬ್ಬರನ್ನು ಕೇಳಿದ: "ಚಾಚಾ, ಪಟಾಕಿಗೆ ಅಂಜಲ್ಲ, ಕೊಕ್ಕರಿಗಿ ಯಾಕ್ ಅಂಜ್ತದ?" ಅವರು ಹೇಳಿದ್ದು: "ಅಲ್ಲಿ ಮುಂದ ನಾ ಇರ್ತೀನಿ ತಮ್ಮಾ. ಇಲ್ಲಿ ಮುಂದ ಯಾರ್ ಅದಾರ?"

ಪುಸ್ತಕದ ಉತ್ತರವೂ ಹೆಚ್ಚುಕಡಿಮೆ ಇದೇ. ಕುದುರೆಗೆ ಅಭ್ಯಾಸ ಆಗುವುದು ಬರೀ ಸದ್ದಿಗಲ್ಲ. ಸದ್ದು, ಜಾಗ, ಜೊತೆಗಿರುವ ಮನುಷ್ಯ ಎಲ್ಲ ಸೇರಿ ಒಂದು ಕಟ್ಟು. ಕಟ್ಟು ಬಿಚ್ಚಿದರೆ ಅಭ್ಯಾಸವೂ ಹೋಯಿತು. ಬೀದರಿನಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ. ಹಾಕ್ ವಿಮಾನ ತಲೆ ಮೇಲೆ ಹೋದರೂ ಇಲ್ಲೇ ಬೆಳೆದ ಕುದುರೆ ಮೇವು ತಿನ್ನುತ್ತಲೇ ಇರುತ್ತದೆ. ಹೊರಗಿನಿಂದ ಕೊಂಡು ತಂದ ಕುದುರೆಗೆ ಅದು ಬಾನು ಬಿದ್ದ ಹಾಗೆ. ಈ ಸೀಮೆಗೆ ಹೊರಗಿನ ಕುದುರೆ ಬರುವುದೇನೂ ಹೊಸದಲ್ಲ ಬಿಡಿ. 15ನೇ ಶತಮಾನದಲ್ಲಿ ರಷ್ಯಾದ ವರ್ತಕ ಅಫನಾಸಿ ನಿಕಿತಿನ್ ಹಡಗಿನಲ್ಲಿ ಒಂದು ಕುದುರೆ ತಂದು, ಅದನ್ನು ಬಹಮನಿಗಳ ಬೀದರಿನಲ್ಲೇ ಮಾರಿದ. ಹೊಸ ಕುದುರೆ ತಂದವರು ಮೊದಲ ಕೆಲವು ವಾರ ಅದನ್ನು ಲಾಯದ ಸುತ್ತಮುತ್ತಲೇ ಕೈಹಿಡಿದು ನಡೆಸಿ, ಊರಿನ ಸದ್ದು ಪರಿಚಯ ಮಾಡಿಸಬೇಕು. ಹಿಂದೆ ಅದು ಎಲ್ಲಿ ಏನು ಕಂಡಿತ್ತೋ ನಮಗೆ ಗೊತ್ತಿರುವುದಿಲ್ಲ.

ಮೊದಲು ಮೈ ನೋಡಿ, ಮೇವು ನೋಡಿ

ಚುಟುಕಾಗಿ ಹೇಳುತ್ತೇನೆ. ನೋವಿದ್ದರೆ ಯಾವ ತರಬೇತಿಯೂ ನಾಟುವುದಿಲ್ಲ. ಜೀನು ಬೆನ್ನಿಗೆ ಒತ್ತುತ್ತಿದೆಯೇ, ಹಲ್ಲಿನ ಅಂಚು ಚೂಪಾಗಿ ಕಡಿವಾಣ ಚುಚ್ಚುತ್ತಿದೆಯೇ, ಲಾಳ ಸರಿಯಿದೆಯೇ ನೋಡಿಸಿ. ಯಾವಾಗಲೂ ಒಂದೇ ಮಗ್ಗುಲಿನಲ್ಲಿರುವ ವಸ್ತುಗಳಿಗೆ ಬೆದರುವ ಕುದುರೆಯ ಆ ಕಡೆಯ ಕಣ್ಣನ್ನು ವೈದ್ಯರಿಗೆ ತೋರಿಸಲೇಬೇಕು. ನಂದಿನಗರದಲ್ಲಿ ಪಶುವೈದ್ಯಕೀಯ ಕಾಲೇಜು ಇರುವ ಊರಿದು, ತೋರಿಸುವುದಕ್ಕೆ ಉದಾಸೀನ ಬೇಡ. ಮೇವಿನ ಲೆಕ್ಕ ಇನ್ನೊಂದು. ಮದುವೆ ಸೀಸನ್ ಮುಗಿದ ಮೇಲೂ ಕಡಲೆ, ಹುರುಳಿ ಅಷ್ಟೇ ಹಾಕಿ, ದಿನವೆಲ್ಲ ಕಟ್ಟಿಹಾಕಿ, ಭಾನುವಾರ ಬೆಳಿಗ್ಗೆ ಬಿಚ್ಚಿದರೆ ಅದು ಕುಣಿಯದೆ ಏನು ಮಾಡೀತು? ನೀರಿನಂಶ ಬಿಟ್ಟು, ಒಣ ಲೆಕ್ಕದಲ್ಲಿ ಮೈತೂಕದ ಶೇ. 1.5ರಷ್ಟಾದರೂ ಹುಲ್ಲು-ಮೇವು ದಿನಕ್ಕೆ ಬೇಕು. 350 ಕಿಲೋ ಕುದುರೆಗೆ ಐದು ಕಿಲೋ ಮೇಲೆ. ಕೆಲಸ ಕಡಿಮೆಯಾದಾಗ ಕಾಳು ಕಡಿಮೆ ಮಾಡಿ, ಹುಲ್ಲು ಬೇಡ.

ಗಮನ ಅನ್ನುವುದು ಕಿವಿಯಲ್ಲಿ ಕಾಣುತ್ತದೆ

ಕುದುರೆ ಎಲ್ಲಿ ನೋಡುತ್ತಿದೆ ಅನ್ನುವುದಕ್ಕಿಂತ ಕಿವಿ ಎಲ್ಲಿದೆ ನೋಡಿ. ಒಂದು ಕಿವಿ ಆಗಾಗ ನಿಮ್ಮ ಕಡೆ ಹಿಂದಕ್ಕೆ ತಿರುಗುತ್ತಿದ್ದರೆ ಅದಕ್ಕೆ ನೀವು ನೆನಪಿದ್ದೀರಿ. ಮಾರ್ವಾಡಿ ತಳಿಯ ಒಳಕ್ಕೆ ಬಾಗಿದ ಕಿವಿಯಲ್ಲಿ ಇದನ್ನು ಓದುವುದು ಸ್ವಲ್ಪ ಕಷ್ಟ. ತುದಿ ಬಿಟ್ಟು ಕಿವಿಯ ಬುಡ ಯಾವ ಕಡೆ ತಿರುಗಿದೆ ಅಂತ ಗಮನಿಸಿ. ಎರಡೂ ಕಿವಿ ಒಂದೇ ಕಡೆ ನೆಟ್ಟು ನಿಂತವು, ಕುತ್ತಿಗೆ ಎರಡು ಬೆರಳಷ್ಟು ಮೇಲೆದ್ದಿತು, ಹೆಜ್ಜೆ ಮೊಟಕಾಯಿತು. ಇವು ಮೂರು ಕಂಡರೆ ಬೆದರುವುದು ಈಗಾಗಲೇ ಶುರುವಾಗಿದೆ. ಹಾರುವುದು ಅದರ ಕೊನೆ ಅಷ್ಟೇ.

ಆ ಹಂತಕ್ಕೆ ಹೋಗದ ಹಾಗೆ ದಾರಿಯುದ್ದಕ್ಕೂ ಸಣ್ಣ ಸಣ್ಣ ಕೆಲಸ ಕೊಡುತ್ತಿರಬೇಕು. ಆ ಪೊದೆಯ ಬಲಕ್ಕೆ ಹೋಗು, ಈ ಕಲ್ಲಿನ ಎಡಕ್ಕೆ. ಹತ್ತು ಹೆಜ್ಜೆ ಬೀಸಾಗಿ, ಐದು ಹೆಜ್ಜೆ ನಿಧಾನ. ನಿಲ್ಲು, ಒಂದು ಹೆಜ್ಜೆ ಹಿಂದಕ್ಕೆ, ಮತ್ತೆ ನಡೆ. ಕುದುರೆ ಸ್ಪಂದಿಸಿದ ಆ ಗಳಿಗೆಯಲ್ಲೇ ಕಾಲಿನ ಒತ್ತು, ಲಗಾಮಿನ ಬಿಗಿ ಎರಡೂ ಸಡಿಲವಾಗಬೇಕು. ಕುದುರೆ ಕಲಿಯುವುದು ಒತ್ತಿನಿಂದ ಅಲ್ಲ, ಒತ್ತು ಹೋದ ಗಳಿಗೆಯಿಂದ. ಎರಡು ಕ್ಷಣ ತಡವಾಗಿ ಸಡಿಲಿಸಿದರೆ ಅದು ಬೇರೆ ಇನ್ನೇನೋ ಕಲಿತುಕೊಳ್ಳುತ್ತದೆ. ಇಡೀ ದಾರಿ ಹೀಗೆ ಕಾಟ ಕೊಡಬೇಕಾಗಿಲ್ಲ. ಕೇಳಿದ್ದನ್ನು ಮಾಡಿದಾಗ ಉದ್ದ ಲಗಾಮು ಬಿಟ್ಟು ಸುಮ್ನೆ ನಡೆಯಲು ಬಿಡಿ. ಮಾತಾಡುತ್ತಾ, ಫೋನ್ ನೋಡುತ್ತಾ ಹೋಗುವ ಸವಾರನಿಗೆ ಕುದುರೆ ಗಮನ ಕೊಡುವುದಿಲ್ಲ ಅಂತ ದೂರುವ ಹಕ್ಕಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಸೀರೆ ಕಟ್ಟಿದ ಹೊಲ

ಒಂದು ಉದಾಹರಣೆ ಪೂರ್ತಿ ನೋಡೋಣ. ಕಾಡುಹಂದಿ, ಕೃಷ್ಣಮೃಗ ಒಳಗೆ ಬರದಿರಲೆಂದು ರೈತರು ಹೊಲದ ಸುತ್ತ ಹಳೆ ಸೀರೆ ಕಟ್ಟುತ್ತಾರೆ. ಪ್ರಾಣಿಯನ್ನು ಬೆದರಿಸಲೆಂದೇ ಕಟ್ಟಿದ್ದು, ಕುದುರೆಯೂ ಪ್ರಾಣಿಯೇ. ಸೀರೆ ದಾರಿಯ ಬಲಕ್ಕಿದೆ ಅಂದುಕೊಳ್ಳಿ.

ದೂರದಿಂದ ಕಂಡ ಕೂಡಲೇ ನೀವು ಸೀರೆಯನ್ನು ದಿಟ್ಟಿಸಬೇಡಿ. ದಾಟಿ ಮುಂದಿರುವ ಬೇವಿನ ಮರವನ್ನೋ ಕಂಬವನ್ನೋ ನೋಡಿ. ಉಸಿರು ಪೂರ್ತಿ ಹೊರಗೆ ಬಿಡಿ. ಇದು ಉಪದೇಶದ ಮಾತಲ್ಲ. 2009ರಲ್ಲಿ ಸ್ವೀಡನ್ನಿನ ಒಂದು ಪ್ರಯೋಗ ಪ್ರಕಟವಾಯಿತು. ಸವಾರರಿಗೆ "ಈ ಸಲ ನೀವು ಹೋಗುವಾಗ ಪಕ್ಕದಲ್ಲಿ ಛತ್ರಿ ಬಿಚ್ಚುತ್ತೇವೆ" ಅಂತ ಹೇಳಿದರು. ಛತ್ರಿ ಬಿಚ್ಚಲೇ ಇಲ್ಲ. ಆದರೂ ಸವಾರನ ಎದೆಬಡಿತ ಏರಿತು, ಜೊತೆಗೆ ಕುದುರೆಯದೂ ಏರಿತು. ನೀವು ಎದುರು ನೋಡುವ ಛತ್ರಿಗೆ ಕುದುರೆ ಬೆದರುತ್ತದೆ.

ಕುದುರೆ ಅನುಮಾನಿಸಿದರೆ ಅದು ಇನ್ನೂ ಯೋಚಿಸಬಲ್ಲ ದೂರದಲ್ಲೇ ನಿಲ್ಲಿಸಿ. ನೋಡಲು ಬಿಡಿ. ಹಿಂದೆ ತಿರುಗಿ ಓಡಲು ಮಾತ್ರ ಬಿಡಬೇಡಿ, ಮೂತಿ ಸೀರೆಯ ದಿಕ್ಕಿಗೇ ಇರಲಿ. ಒದೆಯುವುದು, ಚಾಟಿ ಎರಡೂ ಬೇಡ. ಹೊಡೆದರೆ ಸೀರೆ ಕಂಡಾಗ ನೋವಾಗುತ್ತದೆ ಅನ್ನುವುದಷ್ಟೇ ಅದಕ್ಕೆ ನೆನಪಿರುತ್ತದೆ. ಕುತ್ತಿಗೆಯ ಬುಡದಲ್ಲಿ, ಜೀನಿನ ಮುಂದಿನ ಉಬ್ಬಿನ ಹತ್ತಿರ ಬೆರಳಿನಿಂದ ಕೆರೆಯಿರಿ. ಕುದುರೆಗಳು ಒಂದನ್ನೊಂದು ಅಲ್ಲೇ ಕೆರೆದುಕೊಳ್ಳುತ್ತವೆ, ಅಲ್ಲಿ ಕೆರೆದರೆ ಎದೆಬಡಿತ ಇಳಿಯುತ್ತದೆ. ತಲೆ ಇಳಿಸಿತು, ಮೂಗಿನಿಂದ ಉದ್ದ ಉಸಿರು ಬಿಟ್ಟಿತು ಅಂದರೆ ಎರಡು ಹೆಜ್ಜೆ ಮುಂದೆ. ಮತ್ತೆ ನಿಲ್ಲಿಸಿ. ನೀವೇ ನಿಲ್ಲಿಸಬೇಕು, ಅದು ತಾನಾಗಿ ನಿಲ್ಲುವ ಮೊದಲು.

ದಾಟುವಾಗ ಮೂತಿ ಸೀರೆಯಿಂದ ಆಚೆಗೆ, ಅಂದರೆ ಸ್ವಲ್ಪ ಎಡಕ್ಕೆ. ಎಡಗಣ್ಣಿನ ಅಂಚು ನಿಮಗೆ ಕಾಣುವಷ್ಟು ಸಾಕು. ನಿಮ್ಮ ಎಡಗಾಲು ಹೊಟ್ಟೆಪಟ್ಟಿಯ ಹತ್ತಿರ ಒತ್ತಿರಲಿ. ಅದು ಹಾರಬೇಕೆಂದಿರುವುದು ಎಡಕ್ಕೆ, ಆ ಬಾಗಿಲನ್ನು ಎಡಗಾಲು ಮುಚ್ಚುತ್ತದೆ. ಬಹಳ ಜನ ಮೂತಿಯನ್ನು ಸೀರೆಯ ಕಡೆಗೇ ಎಳೆಯುತ್ತಾರೆ. ಆಗ ಭುಜ ಎಡಕ್ಕೆ ಜಾರಿ ಕುದುರೆ ಎಡಗಡೆಯ ಹೊಲದೊಳಗೆ ನುಗ್ಗುತ್ತದೆ, ಆಮೇಲೆ ರೈತನ ಹತ್ತಿರ ಬೈಗುಳ ತಿನ್ನುವುದು ಬೇರೆ. ದಾಟಿದ ಮೇಲೆ ತಿರುಗಿ ಬಂದು ಇನ್ನೊಂದು ಮಗ್ಗುಲಿನಿಂದಲೂ ದಾಟಿಸಿ. ಚೆನ್ನಾಗಿ ಆಯಿತು ಅಂತ ಹತ್ತು ಸಲ ಮಾಡಿಸಲು ಹೋಗಬೇಡಿ.

ಇದರ ತಾಲೀಮು ಲಾಯದಲ್ಲೇ ಆಗಬೇಕು. ತಾಡಪತ್ರಿ ತುಂಡು, ಖಾಲಿ ಚೀಲ, ಹಳೆ ಸೀರೆ ಸಾಕು. ದೂರದಲ್ಲಿ ಅಲುಗಾಡಿಸಿ, ಕುದುರೆ ಅಲುಗದೆ ನಿಂತ ಕ್ಷಣ ನಿಲ್ಲಿಸಿ, ಆಮೇಲೆ ಹತ್ತಿರ. ಕುದುರೆಯನ್ನು ಕಟ್ಟಿಹಾಕಿ ಮೈಮೇಲೆಲ್ಲ ತಾಡಪತ್ರಿ ಹೊದಿಸಿ "ಅಭ್ಯಾಸ ಆಗ್ಲಿ" ಅನ್ನುವ ಪದ್ಧತಿಯೂ ಕೆಲವು ಕಡೆ ಇದೆ. ಅದರಲ್ಲಿ ಕುದುರೆ ಶಾಂತವಾಗುವುದಿಲ್ಲ, ಸೋತು ಸುಮ್ಮನಾಗುತ್ತದೆ. ಬಯಲಿನಲ್ಲಿ ಆ ಸೋಲು ಒಡೆದು ಹೊರಗೆ ಬರುತ್ತದೆ.

ಬೆದರಿಯೇ ಬಿಟ್ಟರೆ

ಹಿಮ್ಮಡಿ ಕೆಳಗೆ, ಸೊಂಟ ಸಡಿಲ, ಒಂದು ಕೈ ಅಯಾಲಿನ ಮೇಲೆ. ಲಗಾಮನ್ನು ಆಧಾರಕ್ಕೆ ಜಗ್ಗಬೇಡಿ, ಬಾಯಿ ನೋಯಿಸಿದಂತಾಗುತ್ತದೆ. ಪಕ್ಕಕ್ಕೆ ಹಾರಿ ನಿಂತರೆ ಏನೂ ಆಗಿಲ್ಲವೆಂಬಂತೆ ಹಿಂದಿನ ಕೆಲಸಕ್ಕೇ ಮರಳಿಸಿ. ಓಟ ಕಿತ್ತರೆ ಎರಡೂ ಲಗಾಮು ಒಂದೇ ಸಮ ಎಳೆದು ಹಿಡಿಯುವುದು ದಂಡ, ಕುದುರೆ ಆ ಎಳೆತಕ್ಕೇ ಒರಗಿಕೊಂಡು ಓಡುತ್ತದೆ. ಎಳೆದು ಬಿಡಿ, ಎಳೆದು ಬಿಡಿ. ಜಾಗವಿದ್ದರೆ ದೊಡ್ಡ ಸುತ್ತು ಹಾಕಿಸಿ, ಸುತ್ತನ್ನು ಕಿರಿದು ಮಾಡುತ್ತಾ ಬನ್ನಿ. ಒಂದೇ ಲಗಾಮಿನಿಂದ ತಲೆ ಪೂರ್ತಿ ಮಡಿಸಿ ನಿಲ್ಲಿಸುವುದು ನಡಿಗೆಯಲ್ಲಿ, ಓಟ ಹಿಡಿಯುವ ಮೊದಲ ಹೆಜ್ಜೆಯಲ್ಲಿ ಸರಿ. ನಾಗಾಲೋಟದಲ್ಲಿ ಹಾಗೆ ಮಡಿಸಿದರೆ ಕುದುರೆ ಕಾಲು ತೊಡರಿ ನಿಮ್ಮ ಸಮೇತ ಉರುಳಬಹುದು.

ದಾರಿಯ ಯಾವ ಪಕ್ಕ ಏನಿದೆ ಅನ್ನುವುದು ಯಾವಾಗಲೂ ತಲೆಯಲ್ಲಿರಲಿ. ನಮ್ಮ ಹೊಲಗಳಲ್ಲಿ ಕಟ್ಟೆಯಿಲ್ಲದ ಬಾವಿಗಳಿವೆ. ನೌಬಾದ್ ಕಡೆ ಹಳೆಯ ಕರೇಜ್, ಅಂದರೆ ನೆಲದಡಿ ನೀರು ಹರಿಸುವ ಸುರಂಗದ ಗಾಳಿಬಾವಿಗಳಿವೆ. ಅಂಥ ಕಡೆ ತರಬೇತಿ ಗಿರಬೇತಿ ಏನೂ ಬೇಡ, ಇಳಿದು ನಡೆಸಿಕೊಂಡು ಹೋಗಿ.

ಇಳಿದರೆ ಕುದುರೆ ಗೆದ್ದಂತೆ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದು ಪಂದ್ಯ ಆಡುತ್ತಿಲ್ಲ, ಹೆದರಿದೆ. ನಿಮ್ಮ ಕೈ ನಡುಗುತ್ತಿದ್ದರೆ ಇಳಿಯುವುದೇ ಸರಿ. ಇಳಿದ ಮೇಲೆ ರಿಕಾಪು, ಅಂದರೆ ಪಾದ ಇಡುವ ಬಳೆ, ಎರಡನ್ನೂ ಮೇಲೆ ಸಿಕ್ಕಿಸಿ, ಹೊಟ್ಟೆಗೆ ಬಡಿಯಬಾರದು. ಲಗಾಮನ್ನು ಕೈಗೆ ಸುತ್ತಿಕೊಳ್ಳಬೇಡಿ. ಕುದುರೆಯ ಎದುರು ನಿಂತು ಎಳೆಯದೆ ಭುಜದ ಪಕ್ಕದಲ್ಲಿ ನಡೆಯಿರಿ. ಬೆದರಿಸುವ ವಸ್ತು ಮತ್ತು ಕುದುರೆಯ ನಡುವೆ ನೀವಿರಬೇಕು. ಅದು ಹಾರುವುದು ವಸ್ತುವಿನಿಂದ ಆಚೆಗೆ, ಆಗ ನಿಮ್ಮ ಕಾಲ ಮೇಲೆ ಬೀಳುವುದಿಲ್ಲ. ದಾಟಿ ಐವತ್ತು ಹೆಜ್ಜೆ ಹೋದ ಮೇಲೆ, ಕುತ್ತಿಗೆ ಇಳಿದಿದ್ದರೆ, ಹೊಟ್ಟೆಪಟ್ಟಿ ಒಮ್ಮೆ ಬಿಗಿ ನೋಡಿ ಮತ್ತೆ ಹತ್ತಿ. ದಾರಿಯಲ್ಲಿ ಹತ್ತಲು ಎತ್ತರದ ಕಲ್ಲೋ ಬದುವೋ ಎಲ್ಲಿ ಸಿಗುತ್ತದೆ ಅಂತ ಹೋಗುವಾಗಲೇ ಗುರುತಿಟ್ಟುಕೊಂಡಿರಿ.