ಬಡ್ತಿಯ ನಂತರ ವೇತನ ನಿಗದಿ: ಲೆಕ್ಕ ಎಲ್ಲಿ ಮುಗಿಯುತ್ತದೆ, ವ್ಯಾಜ್ಯ ಎಲ್ಲಿ ಶುರುವಾಗುತ್ತದೆ

ರೈಲ್ವೆಯ ಒಬ್ಬ ನೌಕರರು 1955ರಲ್ಲಿ ಟ್ರೇನ್ಸ್ ಕ್ಲರ್ಕ್ ಆಗಿ ಸೇರಿದರು. 1970ರ ಡಿಸೆಂಬರ್ 18ರಿಂದ ಗಾರ್ಡ್ ಗ್ರೇಡ್ ಸಿ ಹುದ್ದೆಗೆ ಬಡ್ತಿ ಸಿಕ್ಕಿತು, ಮೂಲವೇತನ ತಿಂಗಳಿಗೆ 190 ರೂಪಾಯಿ ಎಂದು ನಿಗದಿಯಾಯಿತು. ಇಪ್ಪತ್ತು ವರ್ಷ ಕಳೆದ ಮೇಲೆ, 1991ರ ಜುಲೈನಲ್ಲಿ, ಇಲಾಖೆಗೆ ಎಚ್ಚರವಾಯಿತು: 190 ಅಲ್ಲ, 181 ಆಗಬೇಕಿತ್ತು. ಅದೂ ಇಂದಿನಿಂದಲ್ಲ, 1970ರಿಂದಲೇ ಪೂರ್ವಾನ್ವಯ. ಒಂಬತ್ತು ರೂಪಾಯಿ ತಾನೇ ಎನ್ನಬೇಡಿ. ಬುಡ ಇಳಿದರೆ ಅದರ ಮೇಲೆ ಏರಿದ ಪ್ರತಿ ಇನ್‌ಕ್ರಿಮೆಂಟು, ತುಟ್ಟಿಭತ್ಯೆ, ಕೊನೆಗೆ ಪಿಂಚಣಿ ಎಲ್ಲವೂ ಇಳಿಯುತ್ತವೆ.

ನ್ಯಾಯಮಂಡಳಿಯಲ್ಲಿ ಅವರು ಸೋತರು. 1994ರಲ್ಲಿ ಸುಪ್ರೀಂ ಕೋರ್ಟ್ ಇಲಾಖೆಯ ಆದೇಶವನ್ನು ರದ್ದು ಮಾಡಿತು. ಇದು ಭಗವಾನ್ ಶುಕ್ಲಾ ಪ್ರಕರಣ. ನಾವು ಓದುವಾಗ ಜಾರುವುದು ಇಲ್ಲೇ: 190 ಸರಿ ಎಂದು ಕೋರ್ಟ್ ಎಲ್ಲೂ ಹೇಳಲಿಲ್ಲ. ಸಂಬಳ ಇಳಿಸುವ ಮುನ್ನ ನೌಕರನಿಗೆ ಒಂದು ನೋಟಿಸನ್ನೂ ಕೊಡಲಿಲ್ಲ, ಅವನ ಮಾತು ಕೇಳಲಿಲ್ಲ, ಆದ್ದರಿಂದ ಆದೇಶ ನಿಲ್ಲದು ಎಂದಷ್ಟೇ ಹೇಳಿತು. ನಿಗದಿಯ ಲೆಕ್ಕ ಸರಿಯೇ ಎಂಬುದು ಒಂದು ಪ್ರಶ್ನೆ. ಅದನ್ನು ತಿದ್ದಿದ ವಿಧಾನ ಸರಿಯೇ ಎಂಬುದು ಇನ್ನೊಂದು. ಹೆಚ್ಚು ಕೊಟ್ಟದ್ದನ್ನು ವಾಪಸು ಕೇಳಬಹುದೇ ಎಂಬುದು ಮತ್ತೊಂದು. ಕಡಿಮೆ ಕೊಟ್ಟಿದ್ದರೆ ಎಷ್ಟು ವರ್ಷದ ಬಾಕಿ ಸಿಗುತ್ತದೆ ಎಂಬುದು ಬೇರೆಯೇ. ಒಂದರಲ್ಲಿ ಗೆದ್ದ ಮಾತ್ರಕ್ಕೆ ಉಳಿದವುಗಳಲ್ಲೂ ಗೆದ್ದಂತಲ್ಲ. ಇಲಾಖಾ ಪರೀಕ್ಷೆಗೆ ಅಕೌಂಟ್ಸ್ ಹೈಯರ್ ಓದುವವರು ನಿಯಮ ಬಾಯಿಪಾಠ ಮಾಡಿ ಮೊದಲನೆಯದಕ್ಕೆ ನಿಲ್ಲಿಸುತ್ತಾರೆ, ಕಾನೂನು ಓದುವವರು ಲೆಕ್ಕ ಹಾರಿಸಿ ಮೂರನೆಯದಕ್ಕೆ ಜಿಗಿಯುತ್ತಾರೆ. ಎರಡೂ ಅರೆಬರೆ.

ಮೊದಲು ಲೆಕ್ಕ

ಕೇಂದ್ರ ನೌಕರರಿಗೆ ಮೂಲ ನಿಯಮ 22(1)(ಎ)(1), ಹಳೆಯ ತೀರ್ಪುಗಳಲ್ಲಿ ಎಫ್.ಆರ್. (ಫಂಡಮೆಂಟಲ್ ರೂಲ್) 22–ಸಿ ಎಂದು ಕಾಣುವುದು ಇದರ ಹಿಂದಿನ ರೂಪ. ನಮ್ಮ ರಾಜ್ಯದಲ್ಲಿ ಕೆ.ಸಿ.ಎಸ್.ಆರ್., ಅಂದರೆ ಕರ್ನಾಟಕ ನಾಗರಿಕ ಸೇವಾ ನಿಯಮಗಳ ನಿಯಮ 42–ಬಿ. ಎರಡರ ಎಲುಬು ಒಂದೇ: ಹೆಚ್ಚಿನ ಹೊಣೆಯ ಹುದ್ದೆಗೆ ಬಡ್ತಿಯಾದಾಗ, ಕೆಳಗಿನ ಹುದ್ದೆಯ ವೇತನಕ್ಕೆ ಕಾಲ್ಪನಿಕವಾಗಿ ಒಂದು ಇನ್‌ಕ್ರಿಮೆಂಟ್ ಸೇರಿಸಿ, ಮೇಲಿನ ಶ್ರೇಣಿಯಲ್ಲಿ ಅದರ ಮುಂದಿನ ಹಂತಕ್ಕೆ ಕೂರಿಸುವುದು. ‘ಹೆಚ್ಚಿನ ಹೊಣೆ’ ಎಂಬ ಎರಡು ಪದಗಳನ್ನು ಅಡಿಗೆರೆ ಎಳೆದು ಓದಿ. ಹೊಣೆ ಹೆಚ್ಚಿಲ್ಲದ ಹುದ್ದೆಗೆ ಹೋದರೆ ಆ ಕಾಲ್ಪನಿಕ ಇನ್‌ಕ್ರಿಮೆಂಟೇ ಇಲ್ಲ.

ಕೇಂದ್ರದ 2016ರ ಪರಿಷ್ಕೃತ ವೇತನ ನಿಯಮಗಳ 13ನೇ ನಿಯಮ ಇದನ್ನು ಪೇ ಮ್ಯಾಟ್ರಿಕ್ಸ್‌ಗೆ, ಅಂದರೆ ಪ್ರತಿ ಲೆವೆಲ್‌ನ ವೇತನ ಮೊತ್ತಗಳನ್ನು ಕೋಶಗಳಾಗಿ ಜೋಡಿಸಿದ ಕೋಷ್ಟಕಕ್ಕೆ, ಒಗ್ಗಿಸಿತು. ಉದಾಹರಣೆ ಹಾಕೋಣ. ಲೆವೆಲ್ 4ರಲ್ಲಿ 28,700 ಪಡೆಯುತ್ತಿರುವವರು ಮಾರ್ಚ್ 15ರಂದು ಲೆವೆಲ್ 5ಕ್ಕೆ ಬಡ್ತಿ ಪಡೆದರು, ವಾರ್ಷಿಕ ಇನ್‌ಕ್ರಿಮೆಂಟ್ ಜುಲೈ 1ಕ್ಕೆ. ಲೆವೆಲ್ 4ರಲ್ಲಿ ಒಂದು ಮೆಟ್ಟಿಲು ಏರಿದರೆ 29,600. ಲೆವೆಲ್ 5ರಲ್ಲಿ 29,200, 30,100, 31,000, 31,900 ಎಂದು ಕೋಶಗಳಿವೆ. 29,600ಕ್ಕೆ ಸಮನಾದ ಕೋಶ ಇಲ್ಲ, ಹಾಗಾಗಿ ಮುಂದಿನದು: 30,100. ಮ್ಯಾಟ್ರಿಕ್ಸ್‌ನಲ್ಲಿ ಸಮನಾದ ಕೋಶ ಸಿಕ್ಕರೆ ಅಲ್ಲೇ ನಿಲ್ಲಬೇಕು ಎಂಬುದನ್ನು ಗಮನಿಸಿ, ಹಳೆಯ ನಿಯಮದ ‘ಮುಂದಿನ ಹಂತ’ಕ್ಕೂ ಇದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿದೆ.

ಇದು ಬಡ್ತಿಯ ದಿನದಿಂದಲೇ ನಿಗದಿ ಬೇಕೆಂದವರ ಲೆಕ್ಕ. ಅವರಿಗೆ ಮುಂದಿನ ಇನ್‌ಕ್ರಿಮೆಂಟ್ ಜನವರಿ 1ಕ್ಕೆ, ಆಗ 31,000.

ಇನ್ನೊಂದು ದಾರಿ, ಇನ್‌ಕ್ರಿಮೆಂಟ್ ದಿನದಿಂದ ನಿಗದಿ ಮಾಡಿ ಎಂದು ಕೇಳುವುದು. ಆಗ ಮಾರ್ಚ್ 15ರಿಂದ ಜೂನ್ 30ರವರೆಗೆ 28,700ಕ್ಕೆ ಮೇಲಿನ ಕೋಶ 29,200 ಮಾತ್ರ. ಜುಲೈ 1ಕ್ಕೆ ಎರಡು ಮೆಟ್ಟಿಲು, ವಾರ್ಷಿಕದ್ದೊಂದು ಬಡ್ತಿಯದ್ದೊಂದು: 28,700ರಿಂದ 29,600, ಅಲ್ಲಿಂದ 30,500. ಲೆವೆಲ್ 5ರಲ್ಲಿ ಅದರ ಮೇಲಿನದು 31,000. ಜನವರಿ 1ಕ್ಕೆ 31,900. ಅಂದರೆ ಮೂರೂವರೆ ತಿಂಗಳು ತಿಂಗಳಿಗೆ 900 ಕಳೆದುಕೊಂಡು, ಜುಲೈನಿಂದ ಮುಂದೆ ಒಂದು ಕೋಶ ಮೇಲೆಯೇ ಉಳಿಯುತ್ತಾರೆ. ಬಡ್ತಿ ಜುಲೈ 10ಕ್ಕೆ ಬಂದಿದ್ದು ಇನ್‌ಕ್ರಿಮೆಂಟ್ ಮುಂದಿನ ಜುಲೈಗೆ ಇದ್ದರೆ, ಅಥವಾ ಅಷ್ಟರಲ್ಲಿ ನಿವೃತ್ತಿ ಇದ್ದರೆ, ಇದೇ ದಾರಿ ನಷ್ಟದ್ದಾಗಬಹುದು. ಕಾಗದ ಪೆನ್ನು ಹಿಡಿದು ಎರಡೂ ಕಾಲಂ ಬರೆದು ನೋಡದೆ ಆಯ್ಕೆ ಕೊಡಬಾರದು.

ಆಯ್ಕೆಗೆ ಗಡುವು ಒಂದು ತಿಂಗಳು, ಒಮ್ಮೆ ಕೊಟ್ಟರೆ ಅದೇ ಅಂತಿಮ. ಕೊಡದಿದ್ದರೆ ಬಡ್ತಿ ದಿನದಿಂದಲೇ ನಿಗದಿ. ಎಷ್ಟೋ ವ್ಯಾಜ್ಯಗಳ ಬೀಜ ಈ ಒಂದು ತಿಂಗಳಲ್ಲಿದೆ. ಬಡ್ತಿ ಆದೇಶ ಬಂದ ಖುಷಿ, ಹೊಸ ಜಾಗಕ್ಕೆ ಹಾಜರಾಗುವ ಗಡಿಬಿಡಿ, ಕೇಸ್ ವರ್ಕರ್ ಕಡತ ತೆಗೆಯುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಆದೇಶದಲ್ಲಿ ಆಯ್ಕೆಯ ಪ್ರಸ್ತಾಪ ಇತ್ತೇ ಇಲ್ಲವೇ ಎಂಬುದನ್ನು ಮೊದಲು ನೋಡಿ. ಇಲ್ಲದಿದ್ದರೆ ತಡವಾದ ನೌಕರನಿಗೆ ಅದೇ ದೊಡ್ಡ ಆಸರೆ.

ಎಂ.ಎ.ಸಿ.ಪಿ. ಪಡೆದವರದು ಬೇರೆ ಕಥೆ. 10, 20, 30 ವರ್ಷಕ್ಕೆ ಹುದ್ದೆ ಬದಲಾಗದೆ ವೇತನ ಮಾತ್ರ ಮೇಲೇರುವ ಯೋಜನೆ ಅದು. ಆಗಲೇ ಬಡ್ತಿಯ ಇನ್‌ಕ್ರಿಮೆಂಟ್ ಸಿಕ್ಕಿರುವುದರಿಂದ, ಮುಂದೆ ಅದೇ ಲೆವೆಲ್‌ಗೆ ನಿಜವಾದ ಬಡ್ತಿ ಬಂದಾಗ ಮತ್ತೆ ನಿಗದಿ ಇಲ್ಲ. ಕೆಲಸ ಮತ್ತು ಹೊಣೆ ಹೆಚ್ಚಾಯಿತು, ಸಂಬಳ ಮಾತ್ರ ಅಷ್ಟೇ ಎಂಬ ಕೊರಗಿನಿಂದ ಅರ್ಜಿ ಹಾಕುವವರುಂಟು. ಕೊರಗು ನ್ಯಾಯವೇ ಇರಬಹುದು, ಆದರೆ ಯೋಜನೆಯ ಷರತ್ತೇ ಹಾಗಿದೆ. ನಮ್ಮಲ್ಲಿ ಕಾಲಮಿತಿ ಬಡ್ತಿ ಪಡೆದ ರಾಜ್ಯ ನೌಕರರ ವಿಷಯದಲ್ಲೂ ಇದೇ ಪ್ರಶ್ನೆ ಏಳುತ್ತದೆ, ಅಲ್ಲಿ ಉತ್ತರ ಹುಡುಕಬೇಕಾದ್ದು ಆಯಾ ನಿಯಮಾವಳಿಯಲ್ಲಿ.

ವಸೂಲಿಯ ಪ್ರಶ್ನೆ

ನಿಗದಿ ತಪ್ಪಾಗಿತ್ತು ಎಂದು ಗೊತ್ತಾಗುವುದು ಸಾಮಾನ್ಯವಾಗಿ ಎರಡು ಕಡೆ: ಆಡಿಟ್ ಆಕ್ಷೇಪಣೆಯಲ್ಲಿ, ಇಲ್ಲವೇ ನಿವೃತ್ತಿಯ ಹೊಸ್ತಿಲಲ್ಲಿ ಸೇವಾ ವಹಿ ಮಹಾಲೇಖಪಾಲರ ಕಚೇರಿಗೆ ಹೋದಾಗ. ಎರಡನೆಯದು ಕ್ರೂರ. ಹದಿನೈದು ವರ್ಷದ ಹಿಂದಿನ ಪುಟದಲ್ಲಿ ಯಾರೋ ಬರೆದು ಯಾರೋ ಸಹಿ ಹಾಕಿದ ಒಂದು ಸಾಲಿಗೆ, ಅದರಲ್ಲಿ ಕೈಯಿಲ್ಲದ ವ್ಯಕ್ತಿ ತನ್ನ ಉಪದಾನದಿಂದ (ಗ್ರಾಚ್ಯುಟಿ) ದುಡ್ಡು ಕಟ್ಟಬೇಕು.

ಬಡ್ತಿ ನಿಗದಿಗೆ ನೇರ ಸಂಬಂಧಿಸಿದ ತೀರ್ಪು ಸೈಯದ್ ಅಬ್ದುಲ್ ಖಾದಿರ್ ವಿರುದ್ಧ ಬಿಹಾರ ರಾಜ್ಯ, 2008ರ ಡಿಸೆಂಬರ್. ಶಿಕ್ಷಕರಿಗೆ ಬಡ್ತಿಯಾದಾಗ ಅನ್ವಯಿಸಬಾರದಿದ್ದ ನಿಯಮ ಅನ್ವಯಿಸಿ ಹೆಚ್ಚು ವೇತನ ಕೊಟ್ಟಿದ್ದರು. ನಿಗದಿ ಸರಿ ಎಂಬ ವಾದದಲ್ಲಿ ಶಿಕ್ಷಕರಿಗೆ ಜಯ ಸಿಗಲಿಲ್ಲ. ಆದರೂ ವಸೂಲಿ ಬೇಡ ಎಂದಿತು ಕೋರ್ಟ್. ಶಿಕ್ಷಕರು ಸುಳ್ಳು ಹೇಳಿರಲಿಲ್ಲ, ವಂಚಿಸಿರಲಿಲ್ಲ, ತಪ್ಪು ಪೂರ್ತಿ ಸರ್ಕಾರದ ಕಡೆಯದು, ಹಲವರು ನಿವೃತ್ತರಾಗಿದ್ದರು ಅಥವಾ ಅದರ ಅಂಚಿನಲ್ಲಿದ್ದರು. ಈ ರಕ್ಷಣೆ ನೌಕರನ ಹಕ್ಕಲ್ಲ, ಕಷ್ಟ ತಪ್ಪಿಸಲು ನ್ಯಾಯಾಲಯ ತನ್ನ ವಿವೇಚನೆಯಿಂದ ಕೊಡುವ ಪರಿಹಾರ ಎಂಬ ಮಾತೂ ಆ ತೀರ್ಪಿನಲ್ಲಿದೆ. ಉತ್ತರ ಬರೆಯುವಾಗ ಇದನ್ನು ಬಿಡಬೇಡಿ.

2012ರ ಚಂಡಿ ಪ್ರಸಾದ್ ಉನಿಯಾಲ್ ತೀರ್ಪು ಬಿಗಿ ಹಿಡಿಯಿತು: ಇದು ತೆರಿಗೆದಾರರ ದುಡ್ಡು, ಹೆಚ್ಚು ಹೋಗಿದ್ದರೆ ವಾಪಸು ಬರಬೇಕು, ಅತಿ ಕಷ್ಟದ ಪ್ರಕರಣಗಳಿಗಷ್ಟೇ ವಿನಾಯಿತಿ. ಹಾಗಾದರೆ ಅತಿ ಕಷ್ಟ ಯಾವುದು? ಅದಕ್ಕೆ 2014ರ ಡಿಸೆಂಬರ್ 18ರಂದು ಪಂಜಾಬ್ ರಾಜ್ಯ ವಿರುದ್ಧ ರಫೀಕ್ ಮಸೀಹ್ ಪ್ರಕರಣದಲ್ಲಿ ಐದು ಸಂದರ್ಭಗಳ ಉತ್ತರ ಬಂತು. ಗ್ರೂಪ್ ಸಿ ಮತ್ತು ಡಿ ನೌಕರರಿಂದ ವಸೂಲಿ ಇಲ್ಲ. ನಿವೃತ್ತರಿಂದ, ಅಥವಾ ವಸೂಲಿ ಆದೇಶದ ದಿನದಿಂದ ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ ಇಲ್ಲ. ಆದೇಶಕ್ಕೆ ಮುನ್ನ ಐದು ವರ್ಷಕ್ಕೂ ಹೆಚ್ಚು ಕಾಲ ಹೆಚ್ಚುವರಿ ಪಾವತಿ ನಡೆದಿದ್ದರೆ ಇಲ್ಲ. ಮೇಲಿನ ಹುದ್ದೆಯ ಕೆಲಸವನ್ನು ತಪ್ಪಾಗಿ ಮಾಡಿಸಿಕೊಂಡು ಅದಕ್ಕೆ ತಕ್ಕ ಸಂಬಳ ಕೊಟ್ಟಿದ್ದರೆ ಇಲ್ಲ. ಕೊನೆಗೆ, ವಸೂಲಿ ಮಾಡುವುದು ಅನ್ಯಾಯ ಅಥವಾ ತೀರಾ ಕಠೋರ ಎಂದು ನ್ಯಾಯಾಲಯಕ್ಕೆ ಅನಿಸಿದ ಯಾವುದೇ ಪ್ರಕರಣ. ಕೇಂದ್ರದ ಸಿಬ್ಬಂದಿ ಇಲಾಖೆ 2016ರ ಮಾರ್ಚ್ 2ರ ಜ್ಞಾಪನದಲ್ಲಿ ಇದನ್ನೇ ಎಲ್ಲ ಇಲಾಖೆಗಳಿಗೂ ಕಳಿಸಿತು.

ಇನ್ನೇನು, ನಿವೃತ್ತರು ನಿಶ್ಚಿಂತರು ಎನ್ನುವಷ್ಟರಲ್ಲಿ 2016ರ ಜುಲೈನಲ್ಲಿ ಜಗದೇವ್ ಸಿಂಗ್ ತೀರ್ಪು. ಹರಿಯಾಣದ ನ್ಯಾಯಾಂಗ ಅಧಿಕಾರಿಯೊಬ್ಬರಿಗೆ ಪರಿಷ್ಕೃತ ಶ್ರೇಣಿ ಕೊಡುವಾಗ, ಹೆಚ್ಚು ಪಾವತಿಯಾಗಿದ್ದರೆ ಹಿಂದಿರುಗಿಸುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡಿದ್ದರು. ಸೇವೆಯಿಂದ ಹೊರಬಂದ ಮೇಲೆ ಸುಮಾರು 1.22 ಲಕ್ಷ ರೂಪಾಯಿ ಕಟ್ಟಲು ಪತ್ರ ಬಂತು. ಗೊತ್ತಿದ್ದೇ ಸಹಿ ಹಾಕಿದ್ದೀರಿ, ಕಟ್ಟಿ, ಎರಡು ವರ್ಷದ ಕಂತು ತೆಗೆದುಕೊಳ್ಳಿ ಎಂದಿತು ಕೋರ್ಟ್. ವೇತನ ಪರಿಷ್ಕರಣೆಯ ಆಯ್ಕೆ ನಮೂನೆಯ ಜೊತೆಗೇ ಇಂಥ ಮುಚ್ಚಳಿಕೆ ಇರುತ್ತದೆ. ಕೇಂದ್ರದ 2016ರ ನಿಯಮಗಳ ನಮೂನೆಯಲ್ಲೂ ಇದೆ. ಓದಿ ಸಹಿ ಹಾಕಿದವರು ಎಷ್ಟು ಮಂದಿ ಎಂದು ಕೇಳಬೇಡಿ.

‘ಮುಚ್ಚಳಿಕೆ ಇದ್ದರೆ ವಸೂಲಿ ಖಚಿತ’ ಎಂದು ಗೈಡ್‌ಗಳಲ್ಲಿ ಒಂದೇ ಸಾಲಿನಲ್ಲಿ ಬರೆದಿರುತ್ತಾರೆ, ಅಷ್ಟು ಸಲೀಸಲ್ಲ. ಜಗದೇವ್ ಸಿಂಗ್‌ನಲ್ಲಿ ಕೋರ್ಟ್ ಅನ್ವಯಿಸದು ಎಂದಿದ್ದು ರಫೀಕ್ ಮಸೀಹ್‌ನ ಎರಡನೇ ಸಂದರ್ಭ, ಅಂದರೆ ನಿವೃತ್ತರ ವಿನಾಯಿತಿ. ಕಕ್ಷಿದಾರರು ನ್ಯಾಯಾಧೀಶರಾಗಿದ್ದವರು. ಗುಮಾಸ್ತನೊಬ್ಬ ಅಚ್ಚು ನಮೂನೆಗೆ ಹಾಕಿದ ಸಹಿಯನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕೇ ಎಂಬ ವಾದಕ್ಕೆ ಜಾಗ ಇದ್ದೇ ಇದೆ. 2022ರ ಥಾಮಸ್ ಡೇನಿಯಲ್ ಪ್ರಕರಣದಲ್ಲಿ ಕೇರಳದ ನಿವೃತ್ತ ಶಿಕ್ಷಕರೊಬ್ಬರ ಮೇಲಿನ ವಸೂಲಿಯನ್ನು ಸುಪ್ರೀಂ ಕೋರ್ಟ್ ಮತ್ತೆ ರದ್ದು ಮಾಡಿದ್ದೂ ಇಲಾಖೆಯೇ ನಿಯಮವನ್ನು ತಪ್ಪಾಗಿ ಅರ್ಥೈಸಿದ್ದರಿಂದ.

ಮತ್ತೊಮ್ಮೆ ಹೇಳುತ್ತೇನೆ, ವಸೂಲಿ ರದ್ದಾದರೆ ತಪ್ಪು ನಿಗದಿ ಊರ್ಜಿತವಾಯಿತು ಎಂದಲ್ಲ. ಹಿಂದಿನದ್ದನ್ನು ಕೇಳುವಂತಿಲ್ಲ, ಮುಂದಿನ ಸಂಬಳ ಸರಿಪಡಿಸಬಹುದು, ಅದಕ್ಕೆ ನೋಟಿಸ್ ಬೇಕು.

ಕಡಿಮೆ ಕೊಟ್ಟಿದ್ದರೆ

ಇಲ್ಲಿ ಓದಲೇಬೇಕಾದ್ದು ಎಂ.ಆರ್. ಗುಪ್ತಾ, 1995. 1978ರಲ್ಲಿ ರೈಲ್ವೆಗೆ ಸೇರುವಾಗ ಹಿಂದಿನ ಪಂಜಾಬ್ ಸರ್ಕಾರದ ಸೇವೆಯ ವೇತನಕ್ಕೆ ಒಂದು ಇನ್‌ಕ್ರಿಮೆಂಟ್ ಸೇರಿಸಿ ನಿಗದಿ ಮಾಡಬೇಕಿತ್ತು ಎಂಬುದು ಅವರ ಅಹವಾಲು. ನ್ಯಾಯಮಂಡಳಿಗೆ ಬಂದದ್ದು 1989ರಲ್ಲಿ. ಹನ್ನೊಂದು ವರ್ಷ ತಡ, ಹೋಗಿ ಎಂದಿತು ಮಂಡಳಿ. ಆಡಳಿತ ನ್ಯಾಯಮಂಡಳಿಗಳ 1985ರ ಕಾಯ್ದೆಯ 21ನೇ ಕಲಮಿನ ಪ್ರಕಾರ ಅಂತಿಮ ಆದೇಶದಿಂದ ಒಂದು ವರ್ಷ, ಮನವಿಗೆ ಉತ್ತರವೇ ಬಾರದಿದ್ದರೆ ಆರು ತಿಂಗಳು ಕಾದು ಅಲ್ಲಿಂದ ಒಂದು ವರ್ಷ, ಇಷ್ಟೇ ಗಡುವು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ತಪ್ಪು ಲೆಕ್ಕದ ಸಂಬಳ ಪ್ರತಿ ತಿಂಗಳು ಕೈಗೆ ಬಂದಾಗಲೂ ಹೊಸ ವ್ಯಾಜ್ಯ ಕಾರಣ ಹುಟ್ಟುತ್ತದೆ, ಸೇವೆಯಲ್ಲಿರುವವರೆಗೆ ಸರಿಯಾದ ವೇತನ ಕೇಳುವ ಹಕ್ಕು ಜೀವಂತ ಎಂದಿತು. ಅಡಮಾನ ಬಿಡಿಸಿಕೊಳ್ಳುವ ಹಕ್ಕು ಅಡಮಾನ ಇರುವವರೆಗೂ ಇರುವಂತೆ ಎಂಬ ಹೋಲಿಕೆಯೂ ತೀರ್ಪಿನಲ್ಲೇ ಇದೆ. ಹಾಗೆಂದು ದುಡ್ಡು ಕೊಡಿಸಲಿಲ್ಲ, ಹೂರಣ ನೋಡಿ ಎಂದು ಮಂಡಳಿಗೇ ಕಳಿಸಿತು. ಬಾಕಿಗೆ ಕಾಲಮಿತಿ ಅನ್ವಯಿಸುತ್ತದೆ ಎಂದೂ ಹೇಳಿತು.

2008ರ ತರ್ಸೇಮ್ ಸಿಂಗ್ ತೀರ್ಪಿನಿಂದ ಆ ಮಿತಿ ಸ್ಪಷ್ಟ: ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ಮೂರು ವರ್ಷದ ಬಾಕಿ. ವೇತನ, ಪಿಂಚಣಿ ಮರುನಿಗದಿಯಿಂದ ಮೂರನೆಯವರಿಗೆ ತೊಂದರೆ ಇಲ್ಲ, ಆದ್ದರಿಂದ ತಡವನ್ನು ಮನ್ನಿಸಬಹುದು. ಜ್ಯೇಷ್ಠತೆ, ಬಡ್ತಿ ಕೇಳಿದರೆ ಬೇರೆಯವರ ಸ್ಥಾನ ಅಲುಗುತ್ತದೆ, ಅಲ್ಲಿ ತಡವಾದರೆ ಬಾಗಿಲು ಮುಚ್ಚಿದಂತೆ. ‘ನನಗೆ 2005ರಿಂದಲೇ ಬಡ್ತಿ ಕೊಟ್ಟು ವೇತನ ನಿಗದಿ ಮಾಡಿ’ ಎಂಬ ಅರ್ಜಿ ನೋಡಲು ವೇತನದ್ದು, ಒಳಗೆ ಬಡ್ತಿಯದ್ದು. ಅದಕ್ಕೆ ಗುಪ್ತಾ ತೀರ್ಪು ನೆರವಿಗೆ ಬರುವುದಿಲ್ಲ. ತೀರಿಹೋದ ವಿಷಯಕ್ಕೆ ಹೊಸದಾಗಿ ಮನವಿ ಕೊಟ್ಟು ಹಿಂಬರಹ ತರಿಸಿಕೊಂಡರೂ ಗಡುವು ಮತ್ತೆ ಶುರುವಾಗದು, ಸಿ. ಜೇಕಬ್ ತೀರ್ಪು (2008) ಅದನ್ನು ಹೇಳಿದೆ.

ಪೂರ್ವಾನ್ವಯ ಬಡ್ತಿಯಲ್ಲಿ ಇಲಾಖೆ ವೇತನವನ್ನು ಕಾಲ್ಪನಿಕವಾಗಿ ನಿಗದಿ ಮಾಡಿ, ಕೆಲಸ ಮಾಡಿಲ್ಲ ಎಂದು ಬಾಕಿ ನಿರಾಕರಿಸುವುದು ವಾಡಿಕೆ. 1991ರ ಜಾನಕಿರಾಮನ್ ತೀರ್ಪಿನ ಪ್ರಕಾರ, ನೌಕರ ಸಿದ್ಧನಿದ್ದೂ ತನ್ನ ತಪ್ಪಿಲ್ಲದೆ ಇಲಾಖೆಯೇ ದೂರ ಇಟ್ಟಿದ್ದರೆ ‘ಕೆಲಸವಿಲ್ಲದಿದ್ದರೆ ಸಂಬಳವಿಲ್ಲ’ ಎಂಬ ಆ ಸೂತ್ರ ಯಾಂತ್ರಿಕವಾಗಿ ಅನ್ವಯಿಸದು.

ಕಿರಿಯರಿಗೆ ಹೆಚ್ಚು, ಹಿರಿಯರಿಗೆ ಕಡಿಮೆ

ಸಂಬಳದ ಪಟ್ಟಿ ನೋಡಿ ಹೊಟ್ಟೆ ಉರಿಯುವುದು ಬೇರೆ, ಸ್ಟೆಪ್ಪಿಂಗ್ ಅಪ್ (ಹಿರಿಯರ ವೇತನವನ್ನು ಕಿರಿಯರ ಮಟ್ಟಕ್ಕೆ ಏರಿಸುವುದು) ಕೇಳುವ ಹಕ್ಕು ಬೇರೆ. ಇಬ್ಬರೂ ಒಂದೇ ಕೇಡರ್‌ನವರಾಗಿ ಅದೇ ಹುದ್ದೆಗೆ ಬಡ್ತಿಯಾಗಿರಬೇಕು, ಕೆಳಗಿನ ಮತ್ತು ಮೇಲಿನ ಶ್ರೇಣಿ ಒಂದೇ ಇರಬೇಕು, ವ್ಯತ್ಯಾಸ ಹುಟ್ಟಿದ್ದು ನೇರವಾಗಿ ಬಡ್ತಿ ನಿಗದಿ ನಿಯಮದಿಂದಲೇ ಆಗಿರಬೇಕು. ದೂರಸಂಪರ್ಕ ಇಲಾಖೆಯ ಆರ್. ಸ್ವಾಮಿನಾಥನ್ ಪ್ರಕರಣದಲ್ಲಿ (1997) ಕಿರಿಯರಿಗೆ ಸ್ಥಳೀಯವಾಗಿ ತಾತ್ಕಾಲಿಕ ಬಡ್ತಿ ಮೊದಲೇ ಸಿಕ್ಕಿತ್ತು, ಆ ಅವಧಿಯ ಇನ್‌ಕ್ರಿಮೆಂಟ್‌ಗಳು ನಿಗದಿಯಲ್ಲಿ ಎಣಿಕೆಗೆ ಬಂದವು. ವ್ಯತ್ಯಾಸದ ಮೂಲ ಆ ಹಿಂದಿನ ಬಡ್ತಿ, ನಿಯಮವಲ್ಲ ಎಂದು ಹಿರಿಯರ ಬೇಡಿಕೆ ಬಿತ್ತು. ಬೆಂಗಳೂರು, ಬೆಳಗಾವಿ, ಕಲಬುರಗಿಯಲ್ಲಿ ಪೀಠಗಳಿರುವ ನಮ್ಮ ರಾಜ್ಯ ಆಡಳಿತ ನ್ಯಾಯಮಂಡಳಿಯ ಮುಂದೆ ಇಂಥ ಅರ್ಜಿ ಹಾಕುವವರು ಕಿರಿಯರ ಈಗಿನ ಸಂಬಳ ಚೀಟಿಯನ್ನಷ್ಟೇ ಲಗತ್ತಿಸಿದರೆ ಸಾಲದು. ಬಡ್ತಿಗೆ ಹಿಂದಿನ ದಿನ ಅವರ ಮೂಲವೇತನ ಎಷ್ಟಿತ್ತು, ಯಾವ ಕಾರಣಕ್ಕೆ ಅಷ್ಟಿತ್ತು ಎಂಬುದನ್ನು ಅವರ ಸೇವಾ ವಹಿಯ ನಮೂದುಗಳಿಂದಲೇ ತೋರಿಸಬೇಕಾಗುತ್ತದೆ.